ಏಂಜಲ್ ಜಲಪಾತ: ಎತ್ತರ ಅಳೆದವರು, ಆಳ ಅರಿತವರು

ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಸಾಮಾನ್ಯ ಜ್ಞಾನದ ಸ್ಪರ್ಧೆಗಳಲ್ಲಿ ನಾನು ತಪ್ಪದೆ ಕೇಳುತ್ತಿದ್ದ ಪ್ರಶ್ನೆಗಳಲ್ಲಿ "ಪ್ರಪಂಚದ ಅತ್ಯಂತ ಎತ್ತರದ ಜಲಪಾತ ಯಾವುದು?" ಎಂಬುದೂ ಒಂದು. "ಏಂಜಲ್ ಜಲಪಾತ, ವೆನೆಜುವೆಲಾ" ಎಂಬ ಉತ್ತರ, ಪ್ರಶ್ನೆ ಮುಗಿಯುವ ಮೊದಲೇ ನಾಲ್ಕು ಬೆಂಚುಗಳಿಂದ ಒಟ್ಟಿಗೆ ಬರುತ್ತಿತ್ತು. ಒಮ್ಮೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ಅಷ್ಟು ದೊಡ್ಡ ಕಾಡಿನೊಳಗೆ ಹೋಗಿ ಅದನ್ನು ಅಳೆದವರು ಯಾರು?" ಎಂದು ಕೇಳಿದಳು. ಪಠ್ಯಪುಸ್ತಕದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ನಿವೃತ್ತಿಯ ನಂತರ ದೊರೆತ ಬಿಡುವಿನಲ್ಲಿ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಜೋಗವನ್ನು ನಾನು ಅನೇಕ ಬಾರಿ ಕಂಡಿದ್ದೇನೆ. ಏಂಜಲ್ ಜಲಪಾತವನ್ನು ಭೂಪಟದಲ್ಲಿ ಮತ್ತು ಚಿತ್ರಗಳಲ್ಲಿ ಮಾತ್ರ. ಆದರೆ ಇತಿಹಾಸದ ಮೇಷ್ಟ್ರಿಗೆ ಇದೇನೂ ಹೊಸದಲ್ಲ. ಪಾಣಿಪತ್ತನ್ನೂ ನಾನು ಕಾಣದೆಯೇ ಪಾಠ ಮಾಡಿದವನು.

ಮೊದಲು ಸ್ಥಳದ ಪರಿಚಯ. ದಕ್ಷಿಣ ಅಮೆರಿಕದ ಉತ್ತರ ಭಾಗದಲ್ಲಿರುವ ವೆನೆಜುವೆಲಾ ದೇಶದ ಬೊಲಿವಾರ್ ಪ್ರಾಂತ್ಯದಲ್ಲಿ, ಕಾಡು ಮತ್ತು ಹುಲ್ಲುಗಾವಲುಗಳ ನಡುವೆ ಮೇಜುಗಳನ್ನು ಇಟ್ಟಂತೆ ಚಪ್ಪಟೆ ತಲೆಯ ಮರಳುಗಲ್ಲಿನ ಬೆಟ್ಟಗಳು ನಿಂತಿವೆ. ಅಲ್ಲಿನ ಮೂಲನಿವಾಸಿಗಳಾದ ಪೆಮೋನ್ ಜನರು ಅವುಗಳನ್ನು ತೆಪುಯಿ ಎಂದು ಕರೆಯುತ್ತಾರೆ. ಅವುಗಳಲ್ಲಿ ಬಹು ದೊಡ್ಡದು ಔಯಾನ್‌ತೆಪುಯಿ. ಅದರ ನೆತ್ತಿಯ ವಿಸ್ತಾರವೇ ಸುಮಾರು 700 ಚದರ ಕಿಲೋಮೀಟರ್. ಆ ನೆತ್ತಿಯ ಮೇಲೆ ಬಿದ್ದ ಮಳೆಯ ನೀರು ಅಂಚಿಗೆ ಬಂದು ಧುಮುಕುವುದೇ ಏಂಜಲ್ ಜಲಪಾತ. ಒಟ್ಟು ಎತ್ತರ 979 ಮೀಟರ್. ಅದರಲ್ಲಿ ಯಾವ ಬಂಡೆಯ ತಡೆಯೂ ಇಲ್ಲದೆ ಒಂದೇ ಓಘದಲ್ಲಿ ಬೀಳುವ ಭಾಗವೇ 807 ಮೀಟರ್. ನಮ್ಮ ಜೋಗದ ಎತ್ತರ 253 ಮೀಟರ್. ಜೋಗದ ಮೇಲೆ ಜೋಗವನ್ನು ಇಟ್ಟು, ಅದರ ಮೇಲೆ ಮತ್ತೊಂದನ್ನು ಇಟ್ಟರೂ ಆ ಒಂದು ಧುಮುಕಿಗೆ ಸಾಲದು. ಬೇಸಿಗೆಯಲ್ಲಿ ನೀರು ಕಡಿಮೆಯಾದಾಗ ಅದು ನೆಲವನ್ನು ಮುಟ್ಟುವ ಮೊದಲೇ ಮಂಜಾಗಿ ಚದುರಿಹೋಗುತ್ತದೆ.

ಅಲ್ಲಿಗೆ ಯಾವ ರಸ್ತೆಯೂ ಇಲ್ಲ. ಸಣ್ಣ ವಿಮಾನದಲ್ಲಿ ಕನೈಮ ಎಂಬ ಹಳ್ಳಿಯನ್ನು ತಲುಪಿ, ಅಲ್ಲಿಂದ ಕುರಿಯಾರ ಎಂಬ ಮರದ ದೋಣಿಯಲ್ಲಿ ಕರ್ರಾವೊ ಮತ್ತು ಚುರುನ್ ನದಿಗಳ ಪ್ರವಾಹಕ್ಕೆ ಎದುರಾಗಿ ಗಂಟೆಗಟ್ಟಲೆ ಸಾಗಿ, ಕೊನೆಗೆ ಕಾಡಿನ ಬೇರುಗಳನ್ನು ತುಳಿಯುತ್ತ ಏರಬೇಕು. ಮಳೆಗಾಲದಲ್ಲಿ ಮಾತ್ರ ದೋಣಿ ಸಾಗುವಷ್ಟು ನೀರಿರುತ್ತದೆ.

ಇನ್ನು ಹೆಸರಿನ ವಿಷಯ. ಏಂಜಲ್ ಎಂದರೆ ದೇವದೂತ. ಆಕಾಶದಿಂದ ಇಳಿದಂತೆ ಕಾಣುವುದರಿಂದ ಆ ಹೆಸರು ಬಂದಿರಬೇಕೆಂದು ತರಗತಿಯಲ್ಲಿ ಅನೇಕರು ಊಹಿಸುತ್ತಿದ್ದಿರಿ. ಅದು ಹಾಗಲ್ಲ. ಅದು ಒಬ್ಬ ಮನುಷ್ಯನ ಮನೆತನದ ಹೆಸರು. ಜಿಮ್ಮಿ ಏಂಜಲ್ 1899ರಲ್ಲಿ ಅಮೆರಿಕದ ಮಿಸ್ಸೌರಿಯಲ್ಲಿ ಹುಟ್ಟಿದ ಸಾಹಸಿ ವಿಮಾನ ಚಾಲಕ. ಈ ಬೆಟ್ಟಗಳಲ್ಲೊಂದರ ಮೇಲೆ ಚಿನ್ನ ತುಂಬಿದ ಹೊಳೆಯೊಂದಿದೆ, ವೃದ್ಧ ಗಣಿಗಾರನೊಬ್ಬನನ್ನು ತಾನೇ ಅಲ್ಲಿಗೆ ಕರೆದೊಯ್ದಿದ್ದೆ ಎಂದು ಆತ ಹೇಳಿಕೊಳ್ಳುತ್ತಿದ್ದ. ಆ ಹೊಳೆಯನ್ನು ಮತ್ತೆ ಹುಡುಕುವುದೇ ಅವನ ಬಾಳಿನ ಗುರಿಯಾಯಿತು. 1933ರ ನವೆಂಬರಿನಲ್ಲಿ ಹೀಗೆ ಹಾರಾಡುತ್ತಿದ್ದಾಗ ಅವನ ಕಣ್ಣಿಗೆ ಬಿದ್ದದ್ದು ಚಿನ್ನವಲ್ಲ, ಈ ಜಲಪಾತ.

1937ರ ಅಕ್ಟೋಬರ್ 9ರಂದು ಆತ ತನ್ನ ವಿಮಾನವನ್ನು ಔಯಾನ್‌ತೆಪುಯಿಯ ನೆತ್ತಿಯ ಮೇಲೆಯೇ ಇಳಿಸಿದ. ಜೊತೆಗೆ ಪತ್ನಿ ಮರೀ, ಗುಸ್ತಾವೊ ಹೇನಿ ಮತ್ತು ಹೇನಿಯ ತೋಟದ ಕೆಲಸದವನಾದ ಮಿಗೆಲ್ ದೆಲ್ಗಾದೊ ಇದ್ದರು. ಚಕ್ರಗಳು ಕೆಸರಿನಲ್ಲಿ ಹೂತುಹೋದವು; ವಿಮಾನ ಮತ್ತೆ ಏಳಲಿಲ್ಲ. ನಾಲ್ವರೂ ಹನ್ನೊಂದು ದಿನ ನಡೆದು, ಬಂಡೆಗಳನ್ನು ಇಳಿದು, ಪೆಮೋನ್ ಜನರ ಕಮರಾತ ಎಂಬ ಊರನ್ನು ಸೇರಿ ಬದುಕಿಕೊಂಡರು. ಆ ವಿಮಾನ ಮೂವತ್ತಮೂರು ವರ್ಷ ಬೆಟ್ಟದ ಮೇಲೆಯೇ ಇತ್ತು. 1970ರಲ್ಲಿ ಅದನ್ನು ಹೆಲಿಕಾಪ್ಟರಿನಿಂದ ಕೆಳಗಿಳಿಸಿ, ದುರಸ್ತಿ ಮಾಡಿ, ಮುಂದೆ ಸಿಯುದಾದ್ ಬೊಲಿವಾರ್ ವಿಮಾನ ನಿಲ್ದಾಣದ ಎದುರು ನಿಲ್ಲಿಸಲಾಯಿತು. ಜಿಮ್ಮಿ ಏಂಜಲ್‌ಗೆ ಚಿನ್ನ ಕೊನೆಗೂ ಸಿಗಲಿಲ್ಲ. 1956ರಲ್ಲಿ ಆತ ಪನಾಮದಲ್ಲಿ ತೀರಿಕೊಂಡ. 1960ರ ಜುಲೈನಲ್ಲಿ ಅವನ ಚಿತಾಭಸ್ಮವನ್ನು ಜಲಪಾತದ ಮೇಲೆ ಚೆಲ್ಲಲಾಯಿತು.

ಹಾಗಾದರೆ ಅಳೆದವರು ಯಾರು? ವಿಮಾನದಿಂದ ಕಂಡದ್ದನ್ನು ಜಗತ್ತು ಸುಲಭವಾಗಿ ನಂಬಲಿಲ್ಲ. ಬುಡಕ್ಕೆ ಹೋಗಿ ನಿಂತು ಅಳೆಯಬೇಕಿತ್ತು. 1946ರಲ್ಲಿ ಲಾಟ್ವಿಯಾ ಮೂಲದ ಅಲೆಕ್ಸಾಂಡರ್ಸ್ ಲಾಯ್ಮೆ ಎಂಬಾತ ಕಾಲ್ನಡಿಗೆಯಲ್ಲಿ ಬುಡವನ್ನು ತಲುಪಿದ. ಹೊರಗಿನವರಲ್ಲಿ ಅವನೇ ಮೊದಲಿಗನೆಂದು ದಾಖಲೆಗಳು ಹೇಳುತ್ತವೆ. 1949ರಲ್ಲಿ ಅಮೆರಿಕದ ಛಾಯಾಚಿತ್ರ ಪತ್ರಕರ್ತೆ ರೂತ್ ರಾಬರ್ಟ್‌ಸನ್ ಒಂದು ತಂಡವನ್ನು ಕಟ್ಟಿದಳು. ಲಾಯ್ಮೆ ಅದಕ್ಕೆ ಮಾರ್ಗದರ್ಶಿ. ಪೆರಿ ಲೋರಿ ಎಂಬಾತ ಸರ್ವೇ ಮಾಡುವ ಎಂಜಿನಿಯರ್. ಪೆಮೋನ್ ಜನರು ದೋಣಿ ನಡೆಸಿದರು, ಹೊರೆ ಹೊತ್ತರು, ಕಾಡು ಕಡಿದು ದಾರಿ ಬಿಡಿಸಿದರು. ಮೇ ತಿಂಗಳಲ್ಲಿ ತಂಡ ಬುಡವನ್ನು ಸೇರಿತು. ಲೆಕ್ಕ ಹಾಕಿದಾಗ 3,212 ಅಡಿ, ಅಂದರೆ 979 ಮೀಟರ್ ಎಂದು ತಿಳಿಯಿತು. ಆ ವರ್ಷದ ನವೆಂಬರಿನಲ್ಲಿ ಈ ಪ್ರಯಾಣದ ಲೇಖನ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯಲ್ಲಿ ಪ್ರಕಟವಾಯಿತು. ನೀವು ಬಾಯಿಪಾಠ ಮಾಡಿದ ಅಂಕಿಯ ಹಿಂದೆ ಒಬ್ಬ ಮಹಿಳೆಯ ಹಠವಿತ್ತೆಂಬುದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ. ಪ್ರಶ್ನೆ ಕೇಳಿದವಳೂ ಹುಡುಗಿಯೇ ಅಲ್ಲವೇ!

ಆದರೆ ಇತಿಹಾಸ ಇಲ್ಲಿಗೆ ಮುಗಿಯುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಇಲ್ಲಿಂದ ಆರಂಭವಾಗುತ್ತದೆ. 1927ರ ವೇಳೆಗೇ ಸ್ಪೇನಿನ ಫೆಲಿಕ್ಸ್ ಕಾರ್ದೋನ ಎಂಬ ಅನ್ವೇಷಕ ಔಯಾನ್‌ತೆಪುಯಿಯ ಸೀಮೆಗೆ ಬಂದಿದ್ದ. ಅವನಿಗಿಂತ ಎಷ್ಟೋ ತಲೆಮಾರು ಮೊದಲಿನಿಂದ ಪೆಮೋನ್ ಜನರು ಆ ನದಿಗಳಲ್ಲಿ ಮೀನು ಹಿಡಿಯುತ್ತಿದ್ದರು. ಬೆಟ್ಟಗಳ ನೆತ್ತಿ ಆತ್ಮಗಳ ನೆಲೆಯೆಂದು ನಂಬಿ ಅವರು ಮೇಲೆ ಹತ್ತುತ್ತಿರಲಿಲ್ಲ. ಅವರ ಭಾಷೆಯಲ್ಲಿ ಈ ಜಲಪಾತದ ಹೆಸರು ಕೆರೆಪಕುಪಾಯಿ ಮೆರು. ಮೆರು ಎಂದರೆ ಜಲಪಾತ. ನಮ್ಮ ಮೇರು ಪರ್ವತಕ್ಕೂ ಅದಕ್ಕೂ ಧ್ವನಿಯ ಸಾಮ್ಯ ಬಿಟ್ಟರೆ ಬೇರೇನೂ ಸಂಬಂಧವಿಲ್ಲ. ಇಡೀ ಹೆಸರಿನ ಅರ್ಥ "ಅತ್ಯಂತ ಆಳವಾದ ಜಾಗದ ಜಲಪಾತ" ಎಂದು.

ಈ ಅರ್ಥವನ್ನು ಓದಿದಾಗ ನನಗೆ ತಟ್ಟನೆ ನಮ್ಮ ಜೋಗ ನೆನಪಾಯಿತು. ಇಂಗ್ಲಿಷರು ತಮ್ಮ ಪುಸ್ತಕಗಳಲ್ಲಿ ಅದನ್ನು ಗೇರುಸೊಪ್ಪೆಯ ಜಲಪಾತವೆಂದೇ ಬರೆದರು. ಗೇರುಸೊಪ್ಪೆಯಾದರೋ ಘಟ್ಟದ ಕೆಳಗಿನ ಊರು. ನಮ್ಮ ಜನ ಮಾತ್ರ "ಜೋಗದ ಗುಂಡಿ" ಎಂದರು. ಗಮನಿಸಿ: ನೋಡಲು ಬಂದವನು ತಲೆಯೆತ್ತಿ ಎತ್ತರವನ್ನು ಅಳೆಯುತ್ತಾನೆ, ಅಲ್ಲೇ ಬಾಳುವವನು ತಲೆ ತಗ್ಗಿಸಿ ಆಳವನ್ನು ಹೆಸರಿಸುತ್ತಾನೆ. ಎತ್ತರವನ್ನು ಒಂದು ತಂಡ ಕೆಲವು ದಿನಗಳಲ್ಲಿ ಅಳೆಯಬಲ್ಲದು. ಆಳವನ್ನು ಅರಿಯಲು ಆ ನೀರಿನ ಜೊತೆ ಬಾಳಬೇಕು.

ಇದು ಬರಿಯ ಮಾತಿನ ಚಮತ್ಕಾರವಲ್ಲ. ಕನೈಮದಲ್ಲಿ ಜಲಪಾತಗಳು ನೇರವಾಗಿ ಬಂದು ಬೀಳುವ ಒಂದು ವಿಶಾಲ ಕೊಳವಿದೆ. ಕೊಳೆತ ಎಲೆ ಬೇರುಗಳ ಒಗರು ಇಳಿದು ಅದರ ನೀರು ಹಾಲು ಹಾಕದ ಚಹದ ಬಣ್ಣಕ್ಕೆ ತಿರುಗಿದೆ. ಹತ್ತಿರದ ಸಾಪೊ ಜಲಪಾತದಲ್ಲಿ ನೀರಿನ ಪರದೆಯ ಹಿಂದೆ ನಡೆದು ಹೋಗುವ ದಾರಿಯಿದೆ. ಬೆಟ್ಟದ ಇನ್ನೊಂದು ಬದಿಯ ಕವಾಕ್‌ನಲ್ಲಿ ಎರಡು ಬಂಡೆಗೋಡೆಗಳ ನಡುವಿನ ಸಂದಿಯಲ್ಲಿ ಈಜುತ್ತ ಒಳಗೆ ಹೋದರೆ, ಗುಹೆಯಂಥ ಜಾಗದಲ್ಲಿ ಒಂದು ಜಲಪಾತ ಸಿಗುತ್ತದೆ. ಪ್ರವಾಸಿಗರು ಈ ಕೊಳಗಳಲ್ಲಿ ಈಜುತ್ತಾರೆ. ಯಾವ ತಿಂಗಳಲ್ಲಿ ಎಲ್ಲಿ ಇಳಿಯಬಹುದು, ಎಲ್ಲಿ ಇಳಿಯಕೂಡದು ಎಂಬುದನ್ನು ಪೆಮೋನ್ ಮಾರ್ಗದರ್ಶಿಯೇ ಹೇಳಬೇಕು.

ನಮ್ಮ ಮಲೆನಾಡಿನಲ್ಲೂ ಪ್ರತಿ ಹೊಳೆಗೆ ಮಡುಗಳಿವೆ, ಪ್ರತಿ ಮಡುವಿಗೂ ಒಂದು ಹೆಸರು, ಒಂದು ಎಚ್ಚರಿಕೆಯ ಕಥೆ ಇದೆ. ಮೇಲೆ ಕನ್ನಡಿಯಂತೆ ನಿಂತ ನೀರಿನ ಅಡಿಯಲ್ಲಿ ಸುಳಿ ಇರುತ್ತದೆ. ಪಾಚಿ ಕಟ್ಟಿದ ಬಂಡೆ ಇರುತ್ತದೆ. ಇಲ್ಲಿ ಬಿಸಿಲಿದ್ದರೂ ಘಟ್ಟದ ಮೇಲೆ ಸುರಿದ ಮಳೆ ಕೆಲವೇ ನಿಮಿಷಗಳಲ್ಲಿ ಹೊಳೆಯನ್ನು ಏರಿಸುತ್ತದೆ. ಪ್ರತಿ ಮಳೆಗಾಲದಲ್ಲಿ ಪೇಟೆಯಿಂದ ಬಂದ ತರುಣರು ಇಂಥ ಮಡುಗಳಲ್ಲಿ ಪ್ರಾಣ ಕಳೆದುಕೊಂಡ ಸುದ್ದಿಯನ್ನು ಓದುವಾಗ ನನ್ನ ಕೈ ನಡುಗುತ್ತದೆ. ಅವರೆಲ್ಲ ಯಾರೋ ಒಬ್ಬ ಮೇಷ್ಟ್ರ ವಿದ್ಯಾರ್ಥಿಗಳೇ. ದಡದಲ್ಲಿ ದನ ಕಾಯುವ ಅಜ್ಜ "ಇಳಿಯಬೇಡ್ರಪ್ಪಾ" ಎಂದರೆ ಅದು ಹಳ್ಳಿಯವನ ಅಂಜಿಕೆಯಲ್ಲ, ತಲೆಮಾರುಗಳ ಸರ್ವೇ.

ಈಗ ಮತ್ತೆ ವೆನೆಜುವೆಲಾಕ್ಕೆ ಹೋಗೋಣ. 1962ರಲ್ಲಿ ಕನೈಮ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾಯಿತು. 1975ರಲ್ಲಿ ಅದನ್ನು 30,000 ಚದರ ಕಿಲೋಮೀಟರಿಗೆ, ಅಂದರೆ ನಮ್ಮ ಉತ್ತರ ಕನ್ನಡದಂಥ ಮೂರು ಜಿಲ್ಲೆಗಳಷ್ಟಕ್ಕೆ ವಿಸ್ತರಿಸಲಾಯಿತು. ಇದಕ್ಕೆ ಕೇವಲ ಸೌಂದರ್ಯಪ್ರೇಮ ಕಾರಣವಲ್ಲ. ಏಂಜಲ್ ಜಲಪಾತದ ನೀರು ಚುರುನ್, ಕರ್ರಾವೊ ನದಿಗಳ ಮೂಲಕ ಕರೋನಿ ನದಿಯನ್ನು ಸೇರುತ್ತದೆ. ಕರೋನಿಗೆ ಅಡ್ಡಲಾಗಿ 1963ರಿಂದ 1986ರವರೆಗೆ ಕಟ್ಟಿದ ಗುರಿ ಅಣೆಕಟ್ಟಿನ ವಿದ್ಯುದಾಗಾರದ ಸಾಮರ್ಥ್ಯ 10,000 ಮೆಗಾವ್ಯಾಟಿಗೂ ಹೆಚ್ಚು. ಆ ದೇಶದ ದೀಪಗಳು ಬಹುಪಾಲು ಈ ನೀರನ್ನೇ ನಂಬಿವೆ. ಕಾಡು ಉಳಿದರೆ ನೀರು, ನೀರಿದ್ದರೆ ಬೆಳಕು. ಶರಾವತಿಯ ಬೆಳಕಿನಲ್ಲಿ ಓದಿದ ನಮಗೆ ಈ ಲೆಕ್ಕವನ್ನು ವಿವರಿಸಬೇಕಾಗಿಲ್ಲ. 1994ರಲ್ಲಿ ಯುನೆಸ್ಕೊ ಈ ಉದ್ಯಾನವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2009ರ ಡಿಸೆಂಬರಿನಲ್ಲಿ ಅಂದಿನ ಅಧ್ಯಕ್ಷ ಹ್ಯೂಗೊ ಚಾವೆಜ್, ಏಂಜಲ್ ಬರುವುದಕ್ಕೆ ಬಹಳ ಹಿಂದೆಯೇ ಅಲ್ಲಿ ಮೂಲನಿವಾಸಿಗಳಿದ್ದರು, ಆದ್ದರಿಂದ ಕೆರೆಪಕುಪಾಯಿ ಮೆರು ಎಂದೇ ಕರೆಯಬೇಕು ಎಂದು ಸಾರಿದರು.

ಹೆಸರು ಮರಳಿತು, ಆದರೆ ಚಿನ್ನದ ಆಸೆಯೂ ಮರಳಿತು. 2016ರ ಫೆಬ್ರವರಿಯಲ್ಲಿ ಆ ದೇಶದ ಸರ್ಕಾರ ಒರಿನೋಕೊ ನದಿಯ ದಕ್ಷಿಣಕ್ಕೆ ಸುಮಾರು 1,12,000 ಚದರ ಕಿಲೋಮೀಟರ್ ಪ್ರದೇಶವನ್ನು ಗಣಿಗಾರಿಕೆಯ ವಲಯವೆಂದು ಘೋಷಿಸಿತು. ಇದು ಕರ್ನಾಟಕದ ಅರ್ಧಕ್ಕಿಂತ ಹೆಚ್ಚು. ಅದರ ಹೊರಗೂ, ರಾಷ್ಟ್ರೀಯ ಉದ್ಯಾನದ ಒಳಗೂ ಅಕ್ರಮ ಗಣಿಗಳು ಹುಟ್ಟಿಕೊಂಡಿವೆ. ದೇಶದ ಆರ್ಥಿಕತೆ ಕುಸಿದು ಪ್ರವಾಸಿಗರು ಬರುವುದು ನಿಂತಾಗ, ದೋಣಿ ನಡೆಸುತ್ತಿದ್ದ ಪೆಮೋನ್ ತರುಣರಲ್ಲಿ ಕೆಲವರು ಹೊಟ್ಟೆಪಾಡಿಗೆ ಅದೇ ಗಣಿಗಳಿಗೆ ಇಳಿದರು. 2018ರ ಡಿಸೆಂಬರಿನಲ್ಲಿ ಅಕ್ರಮ ಗಣಿಗಾರಿಕೆಯನ್ನು ತಡೆಯುವ ಹೆಸರಿನಲ್ಲಿ ಶಸ್ತ್ರಧಾರಿಗಳು ಕನೈಮಕ್ಕೆ ಬಂದಾಗ ಒಬ್ಬ ಪೆಮೋನ್ ಯುವಕ ಗುಂಡಿಗೆ ಬಲಿಯಾದ.

ಚಿನ್ನವನ್ನು ಮಣ್ಣಿನಿಂದ ಬೇರ್ಪಡಿಸಲು ಅಲ್ಲಿ ಪಾದರಸವನ್ನು ಬಳಸುತ್ತಾರೆ. ಚಿನ್ನದ ಕಣಗಳು ಪಾದರಸಕ್ಕೆ ಅಂಟಿಕೊಳ್ಳುತ್ತವೆ. ಆಮೇಲೆ ಕಾಯಿಸಿದರೆ ಪಾದರಸ ಆವಿಯಾಗಿ ಚಿನ್ನ ಉಳಿಯುತ್ತದೆ. ಸೋರಿದ ಪಾದರಸ ಹೊಳೆಯ ತಳವನ್ನು ಸೇರುತ್ತದೆ. ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ಇನ್ನೂ ಘೋರವಾದ ವಿಷವಾಗಿ ಮಾರ್ಪಡಿಸುತ್ತವೆ. ಸಣ್ಣ ಮೀನಿನಿಂದ ದೊಡ್ಡ ಮೀನಿಗೆ, ದೊಡ್ಡ ಮೀನಿನಿಂದ ಅದನ್ನು ತಿನ್ನುವ ತಾಯಿಗೆ, ತಾಯಿಯಿಂದ ಗರ್ಭದ ಕೂಸಿಗೆ ಅದು ದಾಟುತ್ತದೆ. ನೀರಿನ ಮೇಲೆ ಇದಾವುದೂ ಕಾಣುವುದಿಲ್ಲ. 979 ಮೀಟರ್ ಎತ್ತರದಲ್ಲಿ ಒಂದು ಅಂಗುಲವೂ ಕಡಿಮೆಯಾಗುವುದಿಲ್ಲ. ಹಾನಿಯೆಲ್ಲ ಆಳದಲ್ಲಿ.

ಜಿಮ್ಮಿ ಏಂಜಲ್ ಸಾಹಸಿ, ಅವನ ಬಗ್ಗೆ ನನಗೆ ಅನಾದರವಿಲ್ಲ. ಆದರೆ ಅವನು ಹುಡುಕಿದ ಹೊಳೆ ಅವನಿಗೆ ಸಿಗದೆ ಹೋದದ್ದು ಆ ನಾಡಿನ ಪುಣ್ಯವೆಂದೇ ನಾನು ತಿಳಿಯುತ್ತೇನೆ. ಅಂದು ಸಿಕ್ಕಿದ್ದರೆ ರೂತ್ ರಾಬರ್ಟ್‌ಸನ್ 1949ರಲ್ಲಿ ಚಿತ್ರ ತೆಗೆಯಲು ಹೋದಾಗ ಯಾವ ನೀರು ಉಳಿದಿರುತ್ತಿತ್ತೋ!

ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಈಗ ಸ್ವತಃ ಶಿಕ್ಷಕರಾಗಿದ್ದೀರಿ. ಉಳಿದವರು ಮಕ್ಕಳ ತಂದೆ ತಾಯಿಯರು. ಮಕ್ಕಳಿಗೆ 979 ಎಂಬ ಅಂಕಿಯನ್ನು ಅಗತ್ಯವಾಗಿ ಕಲಿಸಿ; ಪರೀಕ್ಷೆಯಲ್ಲಿ ಅದಕ್ಕೆ ಒಂದು ಅಂಕವಿದೆ. ಜೊತೆಗೆ ಕೆರೆಪಕುಪಾಯಿ ಮೆರು ಎಂಬ ಹೆಸರನ್ನೂ ಅದರ ಅರ್ಥವನ್ನೂ ಹೇಳಿ. ಮುಂದಿನ ರಜೆಯಲ್ಲಿ ಅವರನ್ನು ಯಾವುದಾದರೂ ಜಲಪಾತಕ್ಕೆ ಕರೆದೊಯ್ದರೆ, ಫೋಟೊ ತೆಗೆಯುವ ಮುನ್ನ ಆ ಊರಿನ ಹಿರಿಯರೊಬ್ಬರನ್ನು ಮಾತನಾಡಿಸಿ, "ಈ ಮಡುವಿನ ಹೆಸರೇನು, ಎಲ್ಲಿಯವರೆಗೆ ಇಳಿಯಬಹುದು?" ಎಂದು ಮಕ್ಕಳಿಂದಲೇ ಕೇಳಿಸಿ. ಅವರು ಹೇಳಿದ್ದನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದಿಟ್ಟು, ಸಾಧ್ಯವಾದರೆ ನನಗೂ ಬರೆದು ಕಳುಹಿಸಿ.