ಕೋಟೆ ಬಸದಿಯ ಸಂಕ್ರಮಣ, ಹಲಸಿಯ ಗುರು: ನಮ್ಮ ದಾನಶಾಸನಗಳಲ್ಲಿ ಗ್ರಹಗತಿ

ಬೆಳಗಾವಿ: ಕೋಟೆಯೊಳಗಿನ ಕಮಲ ಬಸದಿಗೆ ದರ್ಶನಕ್ಕೆ ಬರುವ ಶ್ರಾವಕ-ಶ್ರಾವಿಕೆಯರು ಭಗವಾನ್ ಶ್ರೀ ನೇಮಿನಾಥ ತೀರ್ಥಂಕರರಿಗೆ ನಮಿಸುತ್ತಾರೆ, ಮಂಟಪದ ಛತ್ತಿನಲ್ಲಿ ಅರಳಿದ ಕಲ್ಲಿನ ಕಮಲವನ್ನು ತಲೆ ಎತ್ತಿ ನೋಡುತ್ತಾರೆ. "ಕ್ರಿ.ಶ. 1204ರ ಬಸದಿ" ಎಂಬ ಒಂದು ಮಾತನ್ನು ಕೇಳಿಕೊಂಡು ಮನೆಗೆ ಮರಳುತ್ತಾರೆ. ಆದರೆ ದಾನವನ್ನು ಬರೆಸಿದವರು ಇಸವಿಯನ್ನಷ್ಟೇ ಹೇಳಿ ಬಿಟ್ಟಿರಲಿಲ್ಲ. ಆ ದಿನ ಸೂರ್ಯ ಎಲ್ಲಿದ್ದ, ಚಂದ್ರ ಎಲ್ಲಿದ್ದ ಎಂಬುದನ್ನೂ ಕಲ್ಲಿನಲ್ಲಿ ಕೆತ್ತಿಸಿದ್ದರು. ಇಲ್ಲಿಂದ ದಕ್ಷಿಣಕ್ಕೆ ಖಾನಾಪುರ ತಾಲೂಕಿನ ಹಲಸಿಯ ತಾಮ್ರಪಟದಲ್ಲಿ ಗುರುಗ್ರಹದ ಸುದ್ದಿಯೂ ಇದೆ. ಶಾಸನದ ಈ ತಿಥಿ-ವಾರದ ಸಾಲನ್ನು ಬಹಳ ಜನ ಓದದೆ ದಾಟಿಬಿಡುತ್ತಾರೆ. ಈ ಲೇಖನ ಆ ಸಾಲಿನ ಕುರಿತಾದದ್ದು.

ರಟ್ಟ ಜಿನಾಲಯದ ತಿಥಿ

ಸವದತ್ತಿಯ ರಟ್ಟರ ಅರಸ ನಾಲ್ಕನೆಯ ಕಾರ್ತವೀರ್ಯ ಮತ್ತು ಅವನ ತಮ್ಮ ಯುವರಾಜ ಮಲ್ಲಿಕಾರ್ಜುನ ವೇಣುಗ್ರಾಮದಿಂದ, ಅಂದರೆ ಇಂದಿನ ಬೆಳಗಾವಿಯಿಂದ, ಆಳುತ್ತಿದ್ದಾಗ ಮಂತ್ರಿ ಬೀಚಿರಾಜನು ರಟ್ಟ ಜಿನಾಲಯವನ್ನು ಕಟ್ಟಿಸಿದನು. ಶುಭಚಂದ್ರ ಭಟ್ಟಾರಕರಿಗೆ ದಾನ ಕೊಟ್ಟ ವಿವರವಿರುವ ಎರಡು ಕಲ್ಲುಗಳು ಬೆಳಗಾವಿಯಿಂದ ಹೋಗಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿವೆ. ಅವುಗಳ ಪಾಠವನ್ನು ಎಲ್. ಡಿ. ಬಾರ್ನೆಟ್ ಎಂಬ ವಿದ್ವಾಂಸರು ಓದಿ ಪ್ರಕಟಿಸಿದ್ದಾರೆ. ಅದರಲ್ಲಿ ಹೇಳಿದ ಕಾಲ ಹೀಗಿದೆ: ಶಕ ವರ್ಷ 1127, ರಕ್ತಾಕ್ಷಿ ಸಂವತ್ಸರ, ಪುಷ್ಯ ಶುದ್ಧ ಬಿದಿಗೆ, ವಡ್ಡವಾರ, ಉತ್ತರಾಯಣ ಸಂಕ್ರಮಣ. ವಡ್ಡವಾರ ಎಂದರೆ ಹಳಗನ್ನಡದಲ್ಲಿ ಶನಿವಾರ.

ಇಲ್ಲಿ ಲೆಕ್ಕ ತಪ್ಪುವ ಒಂದು ಜಾಗವಿದೆ. ಶಕ ವರ್ಷಕ್ಕೆ 78 ಕೂಡಿಸಿದರೆ ಇಸವಿ ಬರುತ್ತದೆ ಎಂದು ಎಲ್ಲರೂ ಕಲಿತಿರುತ್ತಾರೆ. 1127ಕ್ಕೆ 78 ಕೂಡಿಸಿದರೆ 1205 ಆಗುತ್ತದೆ, 1204 ಅಲ್ಲ. ಹಾಗಾದರೆ ಬಸದಿಯ ವರ್ಷವೇ ತಪ್ಪೇ? ತಪ್ಪಲ್ಲ. ಶಾಸನಕಾರರು ಕೆಲವು ಸಲ ಮುಗಿದ ವರ್ಷವನ್ನು ಹೇಳುತ್ತಿದ್ದರು, ಕೆಲವು ಸಲ ನಡೆಯುತ್ತಿರುವ ವರ್ಷವನ್ನು. ಇಲ್ಲಿ ಹೇಳಿರುವುದು ನಡೆಯುತ್ತಿದ್ದ ವರ್ಷ. ಸಾಕ್ಷಿ ಸಂವತ್ಸರದ ಹೆಸರಿನಲ್ಲೇ ಇದೆ. ಹಿರಿಯರಿಗೆ ನೆನಪಿರುವಂತೆ 1984ರ ಯುಗಾದಿಗೆ ರಕ್ತಾಕ್ಷಿ ಸಂವತ್ಸರ ಬಂದಿತ್ತು. ಅಲ್ಲಿಂದ 60 ವರ್ಷದ ಚಕ್ರವನ್ನು 13 ಸಲ ಹಿಂದಕ್ಕೆ ತಿರುಗಿಸಿದರೆ 1204ಕ್ಕೇ ಬಂದು ನಿಲ್ಲುತ್ತದೆ. 1205 ಕ್ರೋಧನ ಸಂವತ್ಸರವಾಗುತ್ತದೆ.

ಇನ್ನು ದಿನದ ಲೆಕ್ಕ. 1204ರ ಡಿಸೆಂಬರ್ 25 ಶನಿವಾರ. ಅದಕ್ಕೆ ಎರಡು-ಮೂರು ದಿನ ಮೊದಲು ಅಮಾವಾಸ್ಯೆ ಆಗಿತ್ತು, ಆದ್ದರಿಂದ ಅಂದು ಬಿದಿಗೆ ಸರಿಹೊಂದುತ್ತದೆ. ಆ ಕಾಲದ ಸಿದ್ಧಾಂತ ಗಣಿತದಂತೆ ಸೂರ್ಯ ಮಕರ ರಾಶಿಗೆ ಕಾಲಿಟ್ಟದ್ದೂ ಅಂದೇ. ವಾರ, ತಿಥಿ, ಸಂಕ್ರಮಣ ಮೂರೂ ಒಂದೇ ದಿನಕ್ಕೆ ಕೂಡಿ ಬರುವುದು ಅಪರೂಪ. ಒಂದು ಅಂಕಿಯನ್ನು ಕೆತ್ತುವಾಗ ಕೈ ತಪ್ಪಬಹುದು, ಆದರೆ ಮೂರು ಸಾಕ್ಷಿಗಳು ಒಟ್ಟಿಗೆ ಸುಳ್ಳು ಹೇಳಲಾರವು. ಈ ದಾನ ನಡೆದ ದಿನದ ಬಗ್ಗೆ ಸಂಶಯಕ್ಕೆ ಎಡೆಯಿಲ್ಲ. ಆ ಸಂಜೆ ಕೋಟೆಯಿಂದ ಪಶ್ಚಿಮಕ್ಕೆ ನೋಡಿದವರಿಗೆ ಬಿದಿಗೆಯ ತೆಳುವಾದ ಚಂದ್ರರೇಖೆ ಕಂಡಿರಬೇಕು.

ತಿಥಿಯೆಂಬುದು ಚಂದ್ರ ಸೂರ್ಯನಿಂದ 12 ಅಂಶ ಮುಂದೆ ಸಾಗುವ ಅವಧಿ. ಚಂದ್ರನ ಕಕ್ಷೆ ಪೂರ್ಣ ವೃತ್ತವಲ್ಲ, ಸ್ವಲ್ಪ ಉದ್ದಾದ ದೀರ್ಘವೃತ್ತ. ಭೂಮಿಯಿಂದ ಅವನ ದೂರ ಸುಮಾರು 3,63,000 ಕಿ.ಮೀ.ನಿಂದ 4,05,000 ಕಿ.ಮೀ.ವರೆಗೆ ಬದಲಾಗುತ್ತದೆ. ಹತ್ತಿರ ಬಂದಾಗ ವೇಗ ಹೆಚ್ಚು, ದೂರವಾದಾಗ ಕಡಿಮೆ. ಆದ್ದರಿಂದಲೇ ಒಂದು ತಿಥಿ 20 ಗಂಟೆಗೆ ಮುಗಿದರೆ ಇನ್ನೊಂದು 26 ಗಂಟೆಯ ಹತ್ತಿರ ಎಳೆಯುತ್ತದೆ. ಅಷ್ಟಮಿ-ಚತುರ್ದಶಿಯ ಉಪವಾಸ ಇವತ್ತೋ ನಾಳೆಯೋ ಎಂದು ಬಸದಿಯ ಕಟ್ಟೆಯ ಮೇಲೆ ನಡೆಯುವ ಚರ್ಚೆಗೆ ಮೂಲ ಕಾರಣ ಪಂಚಾಂಗ ಮಾಡಿದವರ ತಪ್ಪಲ್ಲ, ಚಂದ್ರನ ಕಕ್ಷೆಯ ಆಕಾರ.

ಸಂಕ್ರಾಂತಿ ಸರಿದ ಲೆಕ್ಕ

ಡಿಸೆಂಬರ್ 25ಕ್ಕೆ ಸಂಕ್ರಮಣ ಹೇಗೆ ಬಂತು, ನಾವು ಜನವರಿ 14 ಅಥವಾ 15ಕ್ಕೆ ಎಳ್ಳು-ಬೆಲ್ಲ ಹಂಚುತ್ತೇವಲ್ಲ ಎಂದು ಓದುಗರು ಕೇಳುವುದು ಸಹಜ. ಇದರಲ್ಲಿ ಎರಡು ಬಾಬತ್ತುಗಳಿವೆ. 1204ರ ತಾರೀಖು ಹಳೆಯ ಜೂಲಿಯನ್ ಕ್ಯಾಲೆಂಡರಿನದು. ಇಂದಿನ ಕ್ಯಾಲೆಂಡರಿಗೆ ತಂದರೆ 7 ದಿನ ಕೂಡಿಸಬೇಕು, ಆಗ ಅದು 1205ರ ಜನವರಿ 1 ಆಗುತ್ತದೆ. ಉಳಿದ 13-14 ದಿನದ ವ್ಯತ್ಯಾಸ ಕ್ಯಾಲೆಂಡರಿನದಲ್ಲ, ಆಕಾಶದ್ದು.

ಭೂಮಿ ಸೂರ್ಯನ ಸುತ್ತ ತಿರುಗಿ ಅದೇ ನಕ್ಷತ್ರದ ನೇರಕ್ಕೆ ಬರಲು 365.2564 ದಿನ ಬೇಕು. ಆದರೆ ಋತುಗಳು ಒಂದು ಸುತ್ತು ಮುಗಿಸಲು 365.2422 ದಿನ ಸಾಕು. ಭೂಮಿಯ ಅಕ್ಷ ನಿಧಾನವಾಗುತ್ತಿರುವ ಬುಗುರಿಯಂತೆ ತೂಗುತ್ತದೆ. ಆ ಒಂದು ತೂಗಾಟಕ್ಕೆ ಸುಮಾರು 25,800 ವರ್ಷ ಹಿಡಿಯುತ್ತದೆ. ಇದರಿಂದ ವರ್ಷಕ್ಕೆ ಸುಮಾರು 20 ನಿಮಿಷದ ಅಂತರ ಬೀಳುತ್ತದೆ. ಹಳೆಯ ಸಿದ್ಧಾಂತ ಗ್ರಂಥದ ವರ್ಷಮಾನ ಇನ್ನೂ ಮೂರೂವರೆ ನಿಮಿಷ ಹೆಚ್ಚಿನದು. ಖಾತೆಯಲ್ಲಿ ಪ್ರತಿವರ್ಷ ಸಣ್ಣ ಬಾಕಿ ಮುಂದಕ್ಕೆ ಎಳೆದುಕೊಂಡು ಹೋದರೆ ಏನಾಗುತ್ತದೆ ಎಂದು ವ್ಯಾಪಾರಿಗಳಿಗೆ ಬೇರೆ ಹೇಳಬೇಕಿಲ್ಲ. ಸುಮಾರು 60-70 ವರ್ಷಕ್ಕೆ ಒಂದು ದಿನದಂತೆ 800 ವರ್ಷದಲ್ಲಿ ಎರಡು ವಾರ ಸರಿದಿದೆ.

ನಿಜವಾದ ಉತ್ತರಾಯಣ, ಅಂದರೆ ಸೂರ್ಯನು ದಕ್ಷಿಣದ ತುದಿ ಮುಟ್ಟಿ ಉತ್ತರಕ್ಕೆ ಮುಖ ಮಾಡುವ ದಿನ, ಇಂದಿನ ಕ್ಯಾಲೆಂಡರಿನಲ್ಲಿ ಡಿಸೆಂಬರ್ 21-22. ಬೀಚಿರಾಜನ ಕಾಲದಲ್ಲೇ ಶಾಸನದ "ಉತ್ತರಾಯಣ ಸಂಕ್ರಮಣ" ನಿಜವಾದ ಉತ್ತರಾಯಣಕ್ಕಿಂತ 11-12 ದಿನ ತಡವಾಗಿತ್ತು. ಈಗ 24 ದಿನ ತಡ. ಹಬ್ಬವನ್ನು ಯಾವ ದಿನ ಆಚರಿಸಬೇಕೆಂಬುದು ಪರಂಪರೆಗೆ ಬಿಟ್ಟ ವಿಷಯ, ಅದನ್ನು ಬದಲಾಯಿಸುವ ಗೋಜು ಬೇಡ. ಆದರೆ ಪಾಠಶಾಲೆಯಲ್ಲಿ ಮಕ್ಕಳಿಗೆ "ಸೂರ್ಯ ಜನವರಿ 14ರಂದು ಉತ್ತರಕ್ಕೆ ತಿರುಗುತ್ತಾನೆ" ಎಂದು ಕಲಿಸುವುದು ಸರಿಯಲ್ಲ. ಆ ಹೊತ್ತಿಗೆ ಅವನು ತಿರುಗಿ ಮೂರು ವಾರ ದಾಟಿರುತ್ತದೆ.

ಹಲಸಿಯ ತಾಮ್ರಪಟದಲ್ಲಿ ಗುರುವಿನ ವರ್ಷ

ಖಾನಾಪುರ ತಾಲೂಕಿನ ಹಲಸಿ ಕದಂಬರ ಕಾಲದ ಪಲಾಶಿಕಾ. 19ನೆಯ ಶತಮಾನದಲ್ಲಿ ಇಲ್ಲಿ ಸಿಕ್ಕ ತಾಮ್ರಪಟಗಳನ್ನು ಜೆ. ಎಫ್. ಫ್ಲೀಟ್ ಓದಿ ಪ್ರಕಟಿಸಿದರು. ಜೈನ ಸಮಾಜಕ್ಕೆ ಇವು ಅಮೂಲ್ಯ. ಕದಂಬ ಮೃಗೇಶವರ್ಮನು ತಂದೆ ಶಾಂತಿವರ್ಮನ ಪುಣ್ಯಾರ್ಥ ಪಲಾಶಿಕೆಯಲ್ಲಿ ಜಿನಾಲಯ ಕಟ್ಟಿಸಿ, ಯಾಪನೀಯ, ನಿರ್ಗ್ರಂಥ ಮತ್ತು ಕೂರ್ಚಕ ಸಂಘಗಳಿಗಾಗಿ 33 ನಿವರ್ತನ ಭೂಮಿ ಕೊಟ್ಟ ವಿವರ ಇವುಗಳಲ್ಲಿದೆ. ಅಂದರೆ 5ನೆಯ ಶತಮಾನದಲ್ಲಿ ಒಂದೇ ಊರಿನಲ್ಲಿ ಮೂರು ಸಂಘದ ಮುನಿಗಳಿಗೆ ಒಬ್ಬ ಅರಸನ ಆಶ್ರಯವಿತ್ತು.

ಈ ದಾನದ ಕಾಲವನ್ನು ಮೃಗೇಶವರ್ಮನ 8ನೆಯ ರಾಜ್ಯವರ್ಷ, ವೈಶಾಖ ಸಂವತ್ಸರ, ಕಾರ್ತಿಕ ಹುಣ್ಣಿಮೆ ಎಂದು ಹೇಳಿದೆ. ಮೊದಲ ಸಲ ಓದಿದವರು ಇಲ್ಲಿ ಗಕ್ಕನೆ ನಿಲ್ಲುತ್ತಾರೆ. ವೈಶಾಖವೋ, ಕಾರ್ತಿಕವೋ? ಎರಡೂ ಸರಿ. ಕಾರ್ತಿಕ ಎಂಬುದು ಚಂದ್ರನ ತಿಂಗಳು, ವೈಶಾಖ ಎಂಬುದು ಗುರುವಿನ ವರ್ಷ.

ಗುರುಗ್ರಹ ಸೂರ್ಯನನ್ನು ಒಂದು ಸುತ್ತು ಹಾಕಲು 11.86 ವರ್ಷ, ಸುಮಾರು 12 ವರ್ಷ, ತೆಗೆದುಕೊಳ್ಳುತ್ತದೆ. ಹಾಗಾಗಿ ವರ್ಷಕ್ಕೆ ಹೆಚ್ಚುಕಡಿಮೆ ಒಂದು ರಾಶಿಯಷ್ಟು ಮುಂದೆ ಸರಿಯುತ್ತದೆ. ಸೂರ್ಯನ ಸಮೀಪ ಬಂದಾಗ ಕೆಲವು ವಾರ ಕಾಣುವುದಿಲ್ಲ. ಇದನ್ನೇ ನಮ್ಮವರು ಗುರು ಅಸ್ತ ಎನ್ನುತ್ತಾರೆ, ಆಗ ಮದುವೆ ಮುಹೂರ್ತಗಳು ನಿಲ್ಲುತ್ತವೆ. ಮತ್ತೆ ಒಂದು ಬೆಳಗಿನ ಜಾವ ಪೂರ್ವದಲ್ಲಿ ಗುರು ಕಾಣಿಸಿಕೊಂಡಾಗ ಅದು ಯಾವ ನಕ್ಷತ್ರದ ಬಳಿ ಇದೆಯೋ ಆ ನಕ್ಷತ್ರದ ತಿಂಗಳ ಹೆಸರನ್ನು ವರ್ಷಕ್ಕೆ ಇಡುತ್ತಿದ್ದರು. ವಿಶಾಖಾ ಅಥವಾ ಅನುರಾಧಾ ನಕ್ಷತ್ರದಲ್ಲಿ ಉದಯಿಸಿದರೆ ಅದು ವೈಶಾಖ ಸಂವತ್ಸರ. ಹಲಸಿಯ ಪಟದಲ್ಲಿರುವ ಒಂದು ಪದ ಅಷ್ಟನ್ನು ಹೇಳುತ್ತದೆ: ಆ ವರ್ಷದ ಉದಯದಲ್ಲಿ ಗುರು ತುಲಾ-ವೃಶ್ಚಿಕದ ಭಾಗದಲ್ಲಿತ್ತು. ಇಸವಿಯೇ ಇಲ್ಲದ ಕಾಲದ ದಾಖಲೆಗೆ ಗ್ರಹವೇ ಗಡಿಯಾರವಾಗಿತ್ತು. ಮುಂದೆ ಬಂದ 60 ಸಂವತ್ಸರಗಳ ಚಕ್ರವೂ ಗುರುವಿನ ಐದು ಸುತ್ತುಗಳ ಲೆಕ್ಕವೇ. ಶನಿಯ ಎರಡು ಸುತ್ತುಗಳೂ (ತಲಾ 29.46 ವರ್ಷ) ಅದಕ್ಕೆ ಹತ್ತಿರ ಬರುತ್ತವೆ.

ಮೃಗೇಶವರ್ಮನ ಮಗ ರವಿವರ್ಮನು ಪಲಾಶಿಕೆಯಲ್ಲಿ ಕಾರ್ತಿಕ ಹುಣ್ಣಿಮೆಗೆ ಪ್ರತಿವರ್ಷ ಎಂಟು ದಿನಗಳ ಜಿನೇಂದ್ರ ಮಹಿಮೆ ನಡೆಯಬೇಕು, ಮಳೆಗಾಲದ ನಾಲ್ಕು ತಿಂಗಳು ಮುನಿಗಳ ಆಹಾರದ ವ್ಯವಸ್ಥೆ ಆಗಬೇಕು ಎಂದು ಗ್ರಾಮದ ಉತ್ಪನ್ನವನ್ನು ಬಿಟ್ಟುಕೊಟ್ಟನು. ಇಂದು ಬಸದಿಗಳಲ್ಲಿ ಕಾರ್ತಿಕ ಶುದ್ಧ ಅಷ್ಟಮಿಯಿಂದ ಹುಣ್ಣಿಮೆಯವರೆಗೆ ನಡೆಯುವ ಅಷ್ಟಾಹ್ನಿಕ ಪರ್ವವೇ ಅದು. ಹಲಸಿಯಲ್ಲಿ ಇಂದು ಪ್ರವಾಸಿಗರು ಭೂವರಾಹ ನರಸಿಂಹ ದೇವಾಲಯ ನೋಡಿ ಮರಳುತ್ತಾರೆ. ಮೃಗೇಶವರ್ಮನ ಜಿನಾಲಯದ ಮಾತನ್ನು ಅವರಿಗೆ ಹೇಳುವವರು ಕಡಿಮೆ.

ಆಗಮ ಹೇಳುವುದು, ದೂರದರ್ಶಕ ತೋರಿಸುವುದು

ಜೈನ ಗ್ರಂಥಗಳಲ್ಲಿ ಸೂರ್ಯ, ಚಂದ್ರ, ಗ್ರಹ, ನಕ್ಷತ್ರ, ಪ್ರಕೀರ್ಣಕ ತಾರೆಗಳು ಜ್ಯೋತಿಷ್ಕ ದೇವರ ಐದು ವಿಧ. ಮನುಷ್ಯಲೋಕದಲ್ಲಿ ಇವು ಮೇರುವನ್ನು ಸದಾ ಪ್ರದಕ್ಷಿಣೆ ಹಾಕುತ್ತವೆ. ಜಂಬೂದ್ವೀಪಕ್ಕೆ ಎರಡು ಸೂರ್ಯ, ಎರಡು ಚಂದ್ರ, ಒಬ್ಬೊಬ್ಬ ಚಂದ್ರನಿಗೆ 88 ಗ್ರಹ, 28 ನಕ್ಷತ್ರ. ದಿಗಂಬರ ಪರಂಪರೆಯಂತೆ ಸೂರ್ಯ 800 ಯೋಜನ ಎತ್ತರದಲ್ಲಿ, ಚಂದ್ರ 880ರಲ್ಲಿ, ಬುಧ 888, ಶುಕ್ರ 891, ಗುರು 894, ಮಂಗಳ 897, ಶನಿ 900 ಯೋಜನದಲ್ಲಿ. ಇಂದಿನ ಖಗೋಳ ವಿಜ್ಞಾನದಲ್ಲಿ ಸೂರ್ಯನೇ ನಡುವೆ. ಬುಧ, ಶುಕ್ರ, ಭೂಮಿ, ಮಂಗಳ, ಗುರು, ಶನಿ, ಯುರೇನಸ್, ನೆಪ್ಚೂನ್ ಎಂಬ ಎಂಟು ಗ್ರಹಗಳು ಅವನನ್ನು ಸುತ್ತುತ್ತವೆ. 1930ರಲ್ಲಿ ಕಂಡ ಪ್ಲೂಟೊವನ್ನು 2006ರಲ್ಲಿ ಕುಬ್ಜಗ್ರಹಗಳ ಸಾಲಿಗೆ ಸೇರಿಸಲಾಯಿತು. ಈ ಎರಡು ಚಿತ್ರಗಳು ಒಂದೇ ಅಲ್ಲ. 88 ಗ್ರಹಗಳೆಂದರೆ ಕ್ಷುದ್ರಗ್ರಹಗಳು ಎಂದು ಈಚೆಗೆ ಕೆಲವರು ಹೊಂದಿಸಿ ಹೇಳುತ್ತಾರೆ. ಅದರಿಂದ ಆಗಮದ ಗೌರವವೂ ಹೆಚ್ಚುವುದಿಲ್ಲ, ವಿಜ್ಞಾನವೂ ತಿಳಿಯುವುದಿಲ್ಲ.

ಗೌರವಿಸಬೇಕಾದದ್ದು ಪ್ರಾಚೀನ ಮುನಿಗಳ ಎಣಿಕೆಯನ್ನು. ಸೂರ್ಯಪ್ರಜ್ಞಪ್ತಿಯ ಐದು ವರ್ಷದ ಯುಗದಲ್ಲಿ 1830 ದಿನ, ಅದರಲ್ಲಿ 62 ಚಾಂದ್ರಮಾಸ. ಭಾಗಿಸಿದರೆ ಒಂದು ಮಾಸಕ್ಕೆ 29.516 ದಿನ ಬರುತ್ತದೆ, ಇಂದಿನ ಮಾಪನ 29.531. ವ್ಯತ್ಯಾಸ ತಿಂಗಳಿಗೆ ಸುಮಾರು 20 ನಿಮಿಷ. ಸೌರವರ್ಷ 366 ದಿನವಾಗುವುದರಿಂದ ಅಲ್ಲಿ ಅಂತರ ಹೆಚ್ಚು. ದೀರ್ಘ ಹಗಲು 18 ಮುಹೂರ್ತ, ಅಂದರೆ 14 ಗಂಟೆ 24 ನಿಮಿಷ ಎಂಬ ಮಾನ ಉತ್ತರದ ಸುಮಾರು 35ನೆಯ ಅಕ್ಷಾಂಶಕ್ಕೆ ಹೊಂದುತ್ತದೆ. ಬೆಳಗಾವಿಯಲ್ಲಿ ಜೂನಿನ ಅತಿ ದೀರ್ಘ ಹಗಲು 13 ಗಂಟೆ 5 ನಿಮಿಷದ ಆಸುಪಾಸು.

ಕಮಲ ಬಸದಿಯಲ್ಲಿ ನವಗ್ರಹ ಬಿಂಬವೂ ಇದೆ. ನವಗ್ರಹ ವಿಧಾನದಲ್ಲಿ ಒಂದೊಂದು ಗ್ರಹಕ್ಕೂ ತೀರ್ಥಂಕರರ ಆರಾಧನೆ ಹೇಳಿದೆ: ಸೂರ್ಯನಿಗೆ ಪದ್ಮಪ್ರಭರು, ಚಂದ್ರನಿಗೆ ಚಂದ್ರಪ್ರಭರು, ಶನಿಗೆ ಮುನಿಸುವ್ರತರು, ರಾಹುವಿಗೆ ನೇಮಿನಾಥರು. ರಾಹು-ಕೇತುಗಳು ಕಣ್ಣಿಗೆ ಕಾಣುವ ಕಾಯಗಳಲ್ಲ. ಚಂದ್ರನ ಕಕ್ಷೆ ಭೂಮಿಯ ಕಕ್ಷೆಗೆ ಸುಮಾರು 5 ಅಂಶ ವಾಲಿದೆ, ಅವೆರಡೂ ಅಡ್ಡಹಾಯುವ ಎರಡು ಬಿಂದುಗಳೇ ಇವು. 18.6 ವರ್ಷಕ್ಕೊಮ್ಮೆ ಹಿಂದುಮುಖವಾಗಿ ಸುತ್ತಿ ಬರುತ್ತವೆ. ರಾಹು-ಕೇತು ವಿಮಾನಗಳು ಆರು ತಿಂಗಳಿಗೊಮ್ಮೆ ಪರ್ವದ ಕೊನೆಯಲ್ಲಿ ಚಂದ್ರ-ಸೂರ್ಯರನ್ನು ಮರೆಮಾಡುತ್ತವೆ ಎಂಬ ಮಾತು ಗ್ರಂಥಗಳಲ್ಲಿದೆ. ಗ್ರಹಣದ ಅವಕಾಶ ಸುಮಾರು 173 ದಿನಕ್ಕೊಮ್ಮೆ ಬರುತ್ತದೆ ಎನ್ನುತ್ತದೆ ಇಂದಿನ ಗಣಿತ.

ನಿತ್ಯ ಆಚರಣೆಗೆ ಬೇಕಾದ ಒಂದು ವಿಷಯ

ರಾತ್ರಿಭೋಜನ ತ್ಯಾಗ ಪಾಲಿಸುವವರಿಗೆ ಸೂರ್ಯಾಸ್ತದ ನಿಮಿಷ ಮುಖ್ಯ. ಭೂಮಿಯ ಅಕ್ಷ 23.4 ಅಂಶ ವಾಲಿರುವುದರಿಂದ ಬೆಳಗಾವಿಯಲ್ಲಿ ನವೆಂಬರ್ ಕೊನೆಗೆ ಸೂರ್ಯ 6 ಗಂಟೆಗೆ ಸ್ವಲ್ಪ ಮೊದಲೇ ಮುಳುಗುತ್ತಾನೆ, ಜುಲೈ ಮೊದಲ ವಾರದಲ್ಲಿ 7 ದಾಟುತ್ತದೆ. ಭಾರತೀಯ ವೇಳೆ 82.5 ಅಂಶ ರೇಖಾಂಶದ್ದು, ಬೆಳಗಾವಿ ಇರುವುದು 74.5ರ ಬಳಿ. ಅಷ್ಟಕ್ಕೇ 32 ನಿಮಿಷದ ಅಂತರವಿದೆ. ಬೇರೆ ಊರಿನಲ್ಲಿ ಅಚ್ಚಾದ ಪಂಚಾಂಗದ ಅಸ್ತಕಾಲವನ್ನು ಇಲ್ಲಿ ಹಾಗೆಯೇ ಹಿಡಿದು ಕೂರಬಾರದು. ಉತ್ತರ ಭಾರತದ ಕ್ಯಾಲೆಂಡರ್ ತೂಗುಹಾಕಿದ ಮನೆಗಳಲ್ಲಿ ಈ ತಪ್ಪು ಆಗುತ್ತಲೇ ಇರುತ್ತದೆ.

ಸೂರ್ಯನ ಈ ಓಡಾಟವನ್ನು ಯಾವ ಯಂತ್ರವೂ ಇಲ್ಲದೆ ನೋಡಲು ವರ್ಷದಲ್ಲಿ ಎರಡು ಅವಕಾಶಗಳಿವೆ. ಮೇ 3ರ ಸುಮಾರಿಗೆ ಮತ್ತು ಆಗಸ್ಟ್ 9ರ ಸುಮಾರಿಗೆ ಬೆಳಗಾವಿಯಲ್ಲಿ ಮಧ್ಯಾಹ್ನ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ, ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳು ಇರುವುದಿಲ್ಲ. ಖಾನಾಪುರ ಸ್ವಲ್ಪ ದಕ್ಷಿಣಕ್ಕಿರುವುದರಿಂದ ಅಲ್ಲಿ ಮೇ ತಿಂಗಳಲ್ಲಿ ಸುಮಾರು ಒಂದು ದಿನ ಮೊದಲು, ಆಗಸ್ಟ್‌ನಲ್ಲಿ ಒಂದು ದಿನ ನಂತರ. ಹೊತ್ತು 12 ಅಲ್ಲ, ಸುಮಾರು 12 ಗಂಟೆ 30 ನಿಮಿಷ. ಆಗಸ್ಟ್‌ನಲ್ಲಿ ಮೋಡ ಬಿಡುವುದು ಕಷ್ಟ, ಆದ್ದರಿಂದ ಮಕ್ಕಳನ್ನು ಕರೆದೊಯ್ಯುವವರು ಮೇ ತಿಂಗಳ ದಿನವನ್ನೇ ಗುರುತು ಹಾಕಿಕೊಳ್ಳಬೇಕು.