ಕೀಮೋಥೆರಪಿ ಅವಧಿಯ ಕಾಲುಗಳ ಚಡಪಡಿಕೆ

ಕೀಮೋಥೆರಪಿ ಅವಧಿಯ ಕಾಲುಗಳ ಚಡಪಡಿಕೆಯು ಕ್ಯಾನ್ಸರ್ ಔಷಧ ಪಡೆಯುತ್ತಿರುವವರಲ್ಲಿ ಕಾಣಿಸಿಕೊಳ್ಳುವ ಒಂದು ನರಸಂಬಂಧಿ ತೊಂದರೆಯಾಗಿದೆ. ಕುಳಿತಾಗ ಅಥವಾ ಮಲಗಿದಾಗ ಕಾಲುಗಳನ್ನು ಆಡಿಸಲೇಬೇಕೆಂಬ ತಡೆಯಲಾಗದ ಒತ್ತಡ ಉಂಟಾಗುವುದು, ಎದ್ದು ನಡೆದರೆ ಅದು ಕಡಿಮೆಯಾಗುವುದು ಹಾಗೂ ಸಂಜೆ ಮತ್ತು ರಾತ್ರಿ ಹೆಚ್ಚಾಗುವುದು ಇದರ ಲಕ್ಷಣಗಳು. ವೈದ್ಯಶಾಸ್ತ್ರದಲ್ಲಿ ಇದನ್ನು ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್ ಅಥವಾ ವಿಲ್ಲಿಸ್-ಎಕ್ಬಾಮ್ ಕಾಯಿಲೆ ಎಂದು ಕರೆಯುತ್ತಾರೆ. ಇದರಿಂದ ಪ್ರಾಣಾಪಾಯವಿಲ್ಲ. ಆದರೆ ಹಲವು ರಾತ್ರಿಗಳ ನಿದ್ರೆ ಕೆಟ್ಟ ರೋಗಿ ಚಿಕಿತ್ಸೆಯ ಮುಂದಿನ ಸುತ್ತಿಗೆ ಬರಲು ಹಿಂಜರಿಯುವಷ್ಟು ಕುಗ್ಗಬಹುದು. ಅನೇಕರಲ್ಲಿ ಇದಕ್ಕೆ ಕಾರಣವಾಗಿರುವುದು ಕಬ್ಬಿಣಾಂಶದ ಕೊರತೆ ಅಥವಾ ವಾಂತಿ ತಡೆಯಲೆಂದು ಕೊಟ್ಟ ಔಷಧ. ಇವೆರಡೂ ಸರಿಪಡಿಸಬಹುದಾದ ಕಾರಣಗಳಾದ್ದರಿಂದ, ತೊಂದರೆಯನ್ನು ವೈದ್ಯರಿಗೆ ತಿಳಿಸುವುದೇ ನಿರ್ವಹಣೆಯ ಮೊದಲ ಹೆಜ್ಜೆ.

ಹಿನ್ನೆಲೆ

ಈ ತೊಂದರೆಯನ್ನು ಮೊದಲು ವರ್ಣಿಸಿದವರು ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್. ಅವರ ಲ್ಯಾಟಿನ್ ಬರಹ 1672ರಲ್ಲಿ ಪ್ರಕಟವಾಯಿತು. ಸ್ವೀಡನ್ನಿನ ನರರೋಗ ತಜ್ಞ ಕಾರ್ಲ್-ಆಕ್ಸೆಲ್ ಎಕ್ಬಾಮ್ 1945ರಲ್ಲಿ ಇದನ್ನು ಪ್ರತ್ಯೇಕ ಕಾಯಿಲೆಯೆಂದು ವಿವರಿಸಿ ಈಗಿನ ಹೆಸರನ್ನು ಕೊಟ್ಟರು. ಬೆಂಗಳೂರಿನ ನಗರವಾಸಿಗಳನ್ನು ಕುರಿತು 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸುಮಾರು ಶೇ. 2ರಷ್ಟು ಜನರಲ್ಲಿ ಇದು ಕಂಡುಬಂದಿತ್ತು. ಕೀಮೋಥೆರಪಿ ಪಡೆಯುತ್ತಿದ್ದವರ ಮೇಲೆ ಇಟಲಿಯಲ್ಲಿ ನಡೆದ ಒಂದು ಅಧ್ಯಯನದಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಈ ತೊಂದರೆ ಇತ್ತು. ಎರಡೂ ಬೇರೆ ಬೇರೆ ದೇಶಗಳ ಅಂಕಿಗಳಾದ್ದರಿಂದ ನೇರ ಹೋಲಿಕೆ ಸಲ್ಲದು.

ಲಕ್ಷಣಗಳು ಮತ್ತು ಆಡುಮಾತು

ಕನ್ನಡದಲ್ಲಿ ಈ ಕಾಯಿಲೆಗೆ ನೆಲೆಗೊಂಡ ಒಂದು ಹೆಸರಿಲ್ಲ. ರೋಗಿಗಳು ಇದನ್ನು ಕಾಲು ಸೆಳೆತ, ಕಾಲು ಎಳೆತ, ಜೋಮು, ಇರುವೆ ಹರಿದ ಹಾಗೆ, ಮೂಳೆಯೊಳಗೆ ಏನೋ ಹರಿದಾಡಿದ ಹಾಗೆ ಎಂದು ನಾನಾ ಬಗೆಯಲ್ಲಿ ಹೇಳುತ್ತಾರೆ. ಆಸ್ಪತ್ರೆಯಲ್ಲಿ ‘ಸೆಳೆತ’ ಎಂದರೆ ಸ್ನಾಯು ಹಿಡಿತವೆಂದೂ ‘ಜೋಮು’ ಎಂದರೆ ಸ್ಪರ್ಶ ಕಳೆದುಕೊಂಡಿದ್ದೆಂದೂ ಅರ್ಥವಾಗುವ ಸಂಭವವಿದೆ. ಹೀಗೆ ಒಂದು ತೊಂದರೆ ಇನ್ನೊಂದರ ಹೆಸರಿನಲ್ಲಿ ಚೀಟಿಗೆ ಸೇರುತ್ತದೆ. ಆದ್ದರಿಂದ ಹೆಸರಿಗಿಂತ ನಾಲ್ಕು ಸಂಗತಿಗಳನ್ನು ಹೇಳುವುದು ಹೆಚ್ಚು ಉಪಯುಕ್ತ: ಕಾಲು ಆಡಿಸಬೇಕೆನಿಸುತ್ತದೆಯೇ, ಸುಮ್ಮನಿದ್ದಾಗ ಶುರುವಾಗುತ್ತದೆಯೇ, ನಡೆದರೆ ಇಳಿಯುತ್ತದೆಯೇ, ರಾತ್ರಿ ಹೆಚ್ಚೇ. ನಾಲ್ಕಕ್ಕೂ ಹೌದೆಂಬ ಉತ್ತರ ಬಂದು, ಬೇರೆ ಕಾಯಿಲೆಯಿಂದ ಅದನ್ನು ವಿವರಿಸಲಾಗದಿದ್ದರೆ ರೋಗನಿರ್ಣಯ ಬಹುಮಟ್ಟಿಗೆ ಖಚಿತವಾಗುತ್ತದೆ. ಇದನ್ನು ಪತ್ತೆಹಚ್ಚುವ ಪ್ರತ್ಯೇಕ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ.

ಕುಳಿತಲ್ಲಿ ಕಾಲು ಅಲ್ಲಾಡಿಸಿದರೆ ದರಿದ್ರವೆಂದು ಹಿರಿಯರು ಗದರುವ ವಾಡಿಕೆ ಕನ್ನಡ ಮನೆಗಳಲ್ಲಿದೆ. ಅಭ್ಯಾಸದಿಂದ ಕಾಲು ಕುಣಿಸುವುದಕ್ಕೂ ಈ ಕಾಯಿಲೆಗೂ ಸಂಬಂಧವಿಲ್ಲ. ಅಭ್ಯಾಸವನ್ನು ನಿಲ್ಲಿಸಬಹುದು; ಇದನ್ನು ತಡೆದಷ್ಟೂ ಒಳಗಿನ ಒತ್ತಡ ಹೆಚ್ಚುತ್ತದೆ.

ಹೋಲುವ ಇತರ ತೊಂದರೆಗಳು

ಕೀಮೋಥೆರಪಿ ಪಡೆಯುವವರಲ್ಲಿ ಕಾಲಿನ ತೊಂದರೆಗಳು ಹಲವು. ಪ್ಯಾಕ್ಲಿಟ್ಯಾಕ್ಸೆಲ್, ವಿನ್‌ಕ್ರಿಸ್ಟಿನ್, ಸಿಸ್‌ಪ್ಲಾಟಿನ್, ಆಕ್ಸಾಲಿಪ್ಲಾಟಿನ್, ಬಾರ್ಟೆಜೋಮಿಬ್ ಮುಂತಾದ ಔಷಧಗಳು ನರತುದಿಗಳಿಗೆ ಹಾನಿಮಾಡಿ ಪಾದಗಳಲ್ಲಿ ಉರಿ ಮತ್ತು ಮರಗಟ್ಟುವಿಕೆ ತರುತ್ತವೆ. ಈ ಉರಿ ನಡೆದರೂ ಇಳಿಯುವುದಿಲ್ಲ. ಆದರೆ ನರಹಾನಿ ಮತ್ತು ಚಡಪಡಿಕೆ ಒಬ್ಬರಲ್ಲೇ ಒಟ್ಟಿಗೆ ಇರಬಹುದು. ಸಿಸ್‌ಪ್ಲಾಟಿನ್ ರಕ್ತದ ಮೆಗ್ನೀಸಿಯಂ ಪ್ರಮಾಣವನ್ನು ತಗ್ಗಿಸುವುದರಿಂದ ಮೀನಖಂಡ ಗಂಟುಕಟ್ಟಿದಂತೆ ಹಿಡಿದುಕೊಳ್ಳಬಹುದು. ವಾಂತಿ ತಡೆಯುವ ಕೆಲವು ಔಷಧಗಳಿಂದ ಅಕಥಿಸಿಯಾ ಎಂಬ ಸ್ಥಿತಿ ಉಂಟಾಗುತ್ತದೆ. ಇದರಲ್ಲಿ ಕಾಲಷ್ಟೇ ಅಲ್ಲದೆ ಇಡೀ ಮೈ ಚಡಪಡಿಸುತ್ತದೆ, ಮನಸ್ಸು ತಳಮಳಗೊಳ್ಳುತ್ತದೆ, ಹಗಲು ರಾತ್ರಿಗಳ ವ್ಯತ್ಯಾಸವಿರುವುದಿಲ್ಲ.

ಎಲ್ಲಕ್ಕಿಂತ ಅಪಾಯಕಾರಿಯಾದುದು ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು. ಕ್ಯಾನ್ಸರ್ ರೋಗಿಗಳಲ್ಲಿ ಇದರ ಸಾಧ್ಯತೆ ಹೆಚ್ಚು. ಒಂದೇ ಕಾಲು ಊದಿಕೊಂಡು, ಬಿಸಿಯಾಗಿ, ನೋಯುತ್ತಿದ್ದರೆ ಅದನ್ನು ಚಡಪಡಿಕೆಯೆಂದು ತಿಳಿದು ತಿಕ್ಕಬಾರದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಜೊತೆಗೆ ಉಸಿರುಕಟ್ಟುವಿಕೆ ಅಥವಾ ಎದೆನೋವು ಇದ್ದರೆ ಅದು ತುರ್ತುಸ್ಥಿತಿ.

ಕಾರಣಗಳು

ಮಿದುಳಿನಲ್ಲಿ ಕಬ್ಬಿಣಾಂಶದ ಕೊರತೆ ಮತ್ತು ಡೋಪಮೈನ್ ಎಂಬ ನರವಾಹಕದ ಕಾರ್ಯದಲ್ಲಿನ ಏರುಪೇರು ಈ ತೊಂದರೆಯ ಮೂಲದಲ್ಲಿವೆ ಎಂದು ತಿಳಿಯಲಾಗಿದೆ. ಕ್ಯಾನ್ಸರ್ ರೋಗಿಗಳಲ್ಲಿ ರಕ್ತಸ್ರಾವ, ಊಟ ಸೇರದಿರುವುದು ಮತ್ತು ದೀರ್ಘಕಾಲದ ಉರಿಯೂತ ಕಬ್ಬಿಣಾಂಶವನ್ನು ತಗ್ಗಿಸುತ್ತವೆ. ಇಲ್ಲಿ ಸುಲಭವಾಗಿ ಕಣ್ತಪ್ಪುವ ಅಂಶವೊಂದಿದೆ. ಹಿಮೋಗ್ಲೋಬಿನ್ ಸರಿಯಾಗಿದ್ದರೂ ದೇಹದ ಕಬ್ಬಿಣದ ದಾಸ್ತಾನು ಖಾಲಿಯಾಗಿರಬಹುದು. ದಾಸ್ತಾನನ್ನು ತಿಳಿಸುವ ಫೆರಿಟಿನ್ ಪರೀಕ್ಷೆ ಪ್ರತಿ ಸುತ್ತಿಗೂ ಮುನ್ನ ಮಾಡುವ ರಕ್ತಕಣಗಳ ಎಣಿಕೆಯಲ್ಲಿ ಸೇರಿರುವುದಿಲ್ಲ. ಅದನ್ನು ಬೇರೆಯಾಗಿಯೇ ಬರೆಯಿಸಬೇಕು. ಉರಿಯೂತವಿದ್ದಾಗ ಫೆರಿಟಿನ್ ತಾನಾಗಿ ಏರುವುದರಿಂದ ಜೊತೆಯಲ್ಲಿ ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ ಕೂಡ ನೋಡುತ್ತಾರೆ.

ಎರಡನೆಯ ಕಾರಣ ಔಷಧಗಳು. ವಾಂತಿ ತಡೆಯಲು ಕೊಡುವ ಮೆಟೊಕ್ಲೋಪ್ರಮೈಡ್ (ಪೆರಿನಾರ್ಮ್ ಎಂಬ ಹೆಸರಿನಲ್ಲಿ ಪರಿಚಿತ), ಪ್ರೋಕ್ಲೋರ್‌ಪೆರಜಿನ್ (ಸ್ಟೆಮೆಟಿಲ್) ಮತ್ತು ಓಲಾಂಜಪಿನ್ ಡೋಪಮೈನನ್ನು ತಡೆಯುತ್ತವೆ. ಪ್ಯಾಕ್ಲಿಟ್ಯಾಕ್ಸೆಲ್ ಹನಿಸುವ ಮುನ್ನ ಅಲರ್ಜಿಯಾಗದಂತೆ ಕೊಡುವ ಫೆನಿರಮಿನ್ (ಏವಿಲ್) ಮಾದರಿಯ ಚುಚ್ಚುಮದ್ದು ಕೂಡ ಚಡಪಡಿಕೆಯನ್ನು ಕೆರಳಿಸಬಲ್ಲದು. ಆಗ ತೊಂದರೆ ಮನೆಗೆ ಹೋಗುವವರೆಗೂ ಕಾಯುವುದಿಲ್ಲ, ಸೂಜಿ ಕೈಯಲ್ಲಿರುವಾಗಲೇ ಶುರುವಾಗುತ್ತದೆ. ಕೈ ಅಲುಗಿ ಔಷಧ ರಕ್ತನಾಳದಿಂದ ಹೊರಗೆ ಸೋರಿದರೆ ಚರ್ಮಕ್ಕೆ ಹಾನಿಯಾಗುವುದರಿಂದ ರೋಗಿ ಹಲ್ಲುಕಚ್ಚಿ ಸಹಿಸುವ ಬದಲು ದಾದಿಗೆ ಹೇಳುವುದು ಕ್ಷೇಮ. ಖಿನ್ನತೆಗೆ ಮತ್ತು ನಿದ್ರೆಗೆ ಕೊಡುವ ಅಮಿಟ್ರಿಪ್ಟಿಲಿನ್, ಮಿರ್ಟಾಜಪಿನ್‌ಗಳೂ ಇದೇ ಸಾಲಿನವು. ನರಹಾನಿಯ ನೋವಿಗೆ ಕೊಡುವ ಡುಲಾಕ್ಸೆಟಿನ್ ನೋವನ್ನು ಇಳಿಸಿ ಚಡಪಡಿಕೆಯನ್ನು ಏರಿಸುವ ಸಾಧ್ಯತೆ ಇದೆ.

ಮೈಸೂರು ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳಲ್ಲಿ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ರೋಗಿಗಳು ಕೀಮೋಥೆರಪಿಗಾಗಿ ಹೆಚ್ಚಾಗಿ ಮೈಸೂರಿಗೆ, ಕೆಲವರು ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗೆ ಹೋಗುತ್ತಾರೆ. ಹುಣಸೂರಿನಿಂದ ಮೈಸೂರಿಗೆ ಸುಮಾರು 45 ಕಿ.ಮೀ.; ಪಿರಿಯಾಪಟ್ಟಣ ಅದೇ ಹೆದ್ದಾರಿಯಲ್ಲಿ ಇನ್ನೂ ಮುಂದಿದೆ. ಇಕ್ಕಟ್ಟಿನ ಬಸ್ಸಿನಲ್ಲಿ, ಅದೂ ಸಂಜೆ ಮರಳುವಾಗ, ಕಾಲು ಮಡಚಿ ಕೂರುವುದು ಈ ತೊಂದರೆಗೆ ಹೇಳಿಮಾಡಿಸಿದ ಸನ್ನಿವೇಶ. ನಡುದಾರಿಯ ಪಕ್ಕದ ಆಸನ ಹಿಡಿಯುವುದು, ನಿಲ್ದಾಣದಲ್ಲಿ ಇಳಿದು ನಾಲ್ಕು ಹೆಜ್ಜೆ ಹಾಕುವುದು ಸ್ವಲ್ಪ ನೆರವಾಗುತ್ತದೆ. ನಾಲ್ಕು ತಾಲ್ಲೂಕು ಕೇಂದ್ರಗಳ ಪೈಕಿ ರೈಲು ಇರುವುದು ಕೃಷ್ಣರಾಜನಗರಕ್ಕೆ ಮಾತ್ರ. ಅಲ್ಲಿಯವರಿಗೆ ಓಡಾಡುತ್ತ ಪ್ರಯಾಣಿಸುವ ಅನುಕೂಲವಿದೆ.

ಈ ಭಾಗ ವರ್ಜೀನಿಯಾ ಹೊಗೆಸೊಪ್ಪಿನ ಬೆಳೆಗೆ ಹೆಸರಾಗಿದೆ. ಎಲೆ ಬೇಯಿಸುವ ದಿನಗಳಲ್ಲಿ ಬ್ಯಾರನ್‌ನ ಬೆಂಕಿ ಕಾಯುತ್ತ ರಾತ್ರಿ ಎಚ್ಚರವಿರುವುದು ರೈತ ಕುಟುಂಬಗಳಿಗೆ ಹೊಸತಲ್ಲ. ಹಾಗಾಗಿ ನಿದ್ರೆಗೆಟ್ಟ ರಾತ್ರಿಗಳನ್ನು ಕಾಯಿಲೆಯ ಲಕ್ಷಣವೆಂದು ಎಣಿಸದೆ ಹೋಗುವುದು ಸಹಜ. ಕಾಫಿ, ಮದ್ಯ, ಬೀಡಿ ಮತ್ತು ಎಲೆಅಡಿಕೆಯೊಂದಿಗಿನ ಹೊಗೆಸೊಪ್ಪು ಕೆಲವರಲ್ಲಿ ಚಡಪಡಿಕೆಯನ್ನು ಹೆಚ್ಚಿಸುತ್ತವೆ. ಹೊಗೆಸೊಪ್ಪನ್ನು ಕ್ಯಾನ್ಸರ್ ಚಿಕಿತ್ಸೆಯ ಸಲುವಾಗಿಯೇ ಬಿಡಬೇಕಾಗುತ್ತದೆ.

ಆಹಾರದ ವಿಷಯದಲ್ಲಿ ರಾಗಿಮುದ್ದೆಯನ್ನು ಕುರಿತು ಒಂದು ಮಾತು ಅಗತ್ಯ. ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳವಾಗಿದೆ. ಅದರಲ್ಲಿ ಕಬ್ಬಿಣವೂ ಇದೆ, ಆದರೆ ಫೈಟೇಟ್ ಮತ್ತು ಟ್ಯಾನಿನ್‌ಗಳ ಕಾರಣ ಆ ಕಬ್ಬಿಣ ದೇಹಕ್ಕೆ ಹೆಚ್ಚು ಹತ್ತುವುದಿಲ್ಲ. ಇದಕ್ಕಾಗಿ ಮುದ್ದೆ ಬಿಡಬೇಕಾಗಿಲ್ಲ. ಮೊಳಕೆ ಕಟ್ಟಿಸಿ ಬೀಸಿದ ರಾಗಿಯಲ್ಲಿ ಫೈಟೇಟ್ ಕಡಿಮೆ. ಹುರುಳಿಕಟ್ಟಿನ ಸಾರು, ಸೊಪ್ಪಿನ ಸಾರಿನೊಂದಿಗೆ ನಿಂಬೆರಸ ಸೇರಿಸಿದರೆ ಕಬ್ಬಿಣ ಹೀರಿಕೆ ಹೆಚ್ಚುತ್ತದೆ. ಮಾಂಸ ತಿನ್ನುವವರಿಗೆ ಚೆನ್ನಾಗಿ ಬೇಯಿಸಿದ ಮಾಂಸ ಉತ್ತಮ ಮೂಲ. ಊಟದ ಬೆನ್ನಿಗೇ ಕಾಫಿ ಟೀ ಕುಡಿಯುವ ರೂಢಿ ಮಾತ್ರ ಈ ಲಾಭವನ್ನು ಕಳೆಯುತ್ತದೆ. ಬಿಳಿ ರಕ್ತಕಣಗಳು ಇಳಿದಿರುವಾಗ ಹಸಿ ಮೊಳಕೆಕಾಳು ತಿನ್ನಬಾರದು.

ಹೆಗ್ಗಡದೇವನಕೋಟೆ ಮತ್ತು ಅದರಿಂದ ಬೇರ್ಪಟ್ಟ ಸರಗೂರು ತಾಲ್ಲೂಕಿನ ಹಾಡಿಗಳಲ್ಲಿ ವಾಸಿಸುವ ಜೇನುಕುರುಬ ಮುಂತಾದ ಬುಡಕಟ್ಟುಗಳಲ್ಲಿ ಸಿಕಲ್ ಸೆಲ್ ರಕ್ತಹೀನತೆ ಕಂಡುಬರುತ್ತದೆ. ಆ ರಕ್ತಹೀನತೆ ಕಬ್ಬಿಣದ ಕೊರತೆಯಿಂದ ಬರುವುದಲ್ಲ. ಪರೀಕ್ಷೆಯಿಲ್ಲದೆ ಕಬ್ಬಿಣ ಕೊಟ್ಟರೆ ಅದು ದೇಹದಲ್ಲಿ ಮಿತಿಮೀರಿ ಸಂಗ್ರಹವಾಗಬಹುದು. ರಕ್ತ ಕಡಿಮೆ ಎಂದ ಮಾತ್ರಕ್ಕೆ ಮಾತ್ರೆ ನುಂಗುವುದು ಎಲ್ಲರಿಗೂ ಸರಿಯಾದ ಉಪಾಯವಲ್ಲ.

ಚಿಕಿತ್ಸೆ

ಮೊದಲ ಕೆಲಸ ಔಷಧಗಳ ಪಟ್ಟಿಯ ಪರಿಶೀಲನೆ. ಮೆಟೊಕ್ಲೋಪ್ರಮೈಡ್ ಬದಲಿಗೆ ಡೋಪಮೈನನ್ನು ತಡೆಯದ ಒಂಡನ್‌ಸೆಟ್ರಾನ್ (ಎಮಿಸೆಟ್) ಅಥವಾ ಗ್ರಾನಿಸೆಟ್ರಾನ್ ಕೊಡಲು ಸಾಧ್ಯವೇ ಎಂದು ವೈದ್ಯರು ನೋಡುತ್ತಾರೆ. ವಾಂತಿಯ ಮಾತ್ರೆಯನ್ನು ರೋಗಿ ತಾನಾಗಿ ನಿಲ್ಲಿಸಬಾರದು. ನಿಲ್ಲದ ವಾಂತಿಯಿಂದ ನಿರ್ಜಲೀಕರಣವಾಗಿ ಮೂತ್ರಪಿಂಡಗಳಿಗೆ ಪೆಟ್ಟಾಗಬಹುದು. ಡೆಕ್ಸಾಮೆಥಾಸೋನ್ ನಿದ್ರೆ ಕೆಡಿಸುವುದರಿಂದ ಅದನ್ನು ಬೆಳಿಗ್ಗೆ ತೆಗೆದುಕೊಳ್ಳಬಹುದೇ ಎಂದೂ ಕೇಳಬಹುದು.

ಫೆರಿಟಿನ್ ಪ್ರಮಾಣ ಲೀಟರಿಗೆ 75 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಕಡಿಮೆ ಇದ್ದರೆ, ಇಲ್ಲವೇ ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ ಶೇ. 20ಕ್ಕಿಂತ ಕೆಳಗಿದ್ದರೆ ಈ ಕಾಯಿಲೆಯಲ್ಲಿ ಕಬ್ಬಿಣ ಕೊಡುವುದು ರೂಢಿ. ಬೇರೆಯವರಲ್ಲಿ ‘ಸಾಮಾನ್ಯ’ ಎನ್ನಿಸುವ ಫೆರಿಟಿನ್ ಮಟ್ಟ ಇಲ್ಲಿ ಸಾಲದಾಗುತ್ತದೆ. ಮಾತ್ರೆಯಿಂದ ಮಲ ಕಪ್ಪಾಗುವುದು, ಮಲಬದ್ಧತೆ ಆಗುವುದು ಸಾಮಾನ್ಯ. ಮಾತ್ರೆ ಒಗ್ಗದಿದ್ದರೆ ಅಥವಾ ಹತ್ತದಿದ್ದರೆ ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್‌ನಂತಹ ಕಬ್ಬಿಣವನ್ನು ರಕ್ತನಾಳದ ಮೂಲಕ ಹನಿಸುತ್ತಾರೆ.

ಇಷ್ಟರಿಂದ ಇಳಿಯದಿದ್ದರೆ ಗ್ಯಾಬಪೆಂಟಿನ್ ಅಥವಾ ಪ್ರಿಗಾಬಲಿನ್ ಕೊಡಲಾಗುತ್ತದೆ. ಇವು ನರಹಾನಿಯ ನೋವಿಗೂ ಬಳಕೆಯಾಗುವ ಔಷಧಗಳು. ತಲೆಸುತ್ತು, ಮಂಪರು ಇವುಗಳ ಅಡ್ಡಪರಿಣಾಮಗಳು. ಮೂತ್ರಪಿಂಡ ದುರ್ಬಲವಾಗಿದ್ದರೆ ಪ್ರಮಾಣ ತಗ್ಗಿಸಬೇಕು. ಮಾರ್ಫಿನ್ ಜೊತೆ ಸೇರಿದರೆ ಉಸಿರಾಟ ಕುಗ್ಗುವ ಅಪಾಯವಿದೆ. ಹಿಂದೆ ಮೊದಲ ಆಯ್ಕೆಯಾಗಿದ್ದ ಪ್ರಾಮಿಪೆಕ್ಸೋಲ್ ಮತ್ತು ರೋಪಿನಿರೋಲ್ ದೀರ್ಘಕಾಲ ಬಳಸಿದರೆ ಕಾಯಿಲೆಯನ್ನೇ ಉಲ್ಬಣಗೊಳಿಸುತ್ತವೆ: ಸಂಜೆ ಬರುತ್ತಿದ್ದುದು ಮಧ್ಯಾಹ್ನಕ್ಕೇ ಬರತೊಡಗುತ್ತದೆ. ಅಮೆರಿಕದ ನಿದ್ರಾವೈದ್ಯರ ಅಕಾಡೆಮಿಯ ಇತ್ತೀಚಿನ ಮಾರ್ಗಸೂಚಿ ಅವುಗಳ ವಾಡಿಕೆಯ ಬಳಕೆಯನ್ನು ಒಪ್ಪುವುದಿಲ್ಲ.

ಮನೆಯಲ್ಲಿ ನಿರ್ವಹಣೆ

ಹಗಲಿನಲ್ಲಿ ಮಿತವಾದ ನಡಿಗೆ, ಮಲಗುವ ಮುನ್ನ ಮೀನಖಂಡಗಳನ್ನು ನಿಧಾನವಾಗಿ ಚಾಚುವುದು, ಹಗುರವಾಗಿ ನೀವುವುದು, ಉಗುರುಬೆಚ್ಚಗಿನ ನೀರು ತಾತ್ಕಾಲಿಕ ಉಪಶಮನ ಕೊಡುತ್ತವೆ. ಪಾದ ಮರಗಟ್ಟಿದವರಿಗೆ ಬಿಸಿ ತಿಳಿಯುವುದಿಲ್ಲ, ಬೊಬ್ಬೆ ಎದ್ದ ಮೇಲೆಯೇ ಸುಟ್ಟದ್ದು ಗೊತ್ತಾಗುತ್ತದೆ. ಆದ್ದರಿಂದ ನೀರಿನ ಹದವನ್ನು ಮನೆಯವರು ನೋಡಬೇಕು. ಪ್ಲೇಟ್‌ಲೆಟ್ ಇಳಿದಿರುವಾಗ ಎಣ್ಣೆ ಹಚ್ಚಿ ಬಲವಾಗಿ ತಿಕ್ಕಿದರೆ ಚರ್ಮದಡಿ ರಕ್ತ ಕಟ್ಟುತ್ತದೆ. ಕಾಲಿಗೆ ಬಟ್ಟೆ ಬಿಗಿದು ಕಟ್ಟುವುದು ರಕ್ತಸಂಚಾರಕ್ಕೆ ಅಡ್ಡಿ.

ಕೂರಲೇಬೇಕಾದಾಗ ಮನಸ್ಸನ್ನು ಹಿಡಿದಿಡುವ ಕೆಲಸ, ಉದಾಹರಣೆಗೆ ಹೂ ಕಟ್ಟುವುದು, ಲೆಕ್ಕ ಬರೆಯುವುದು, ಚೌಕಾಬಾರ ಆಡುವುದು, ಒತ್ತಡವನ್ನು ತುಸು ಮರೆಸುತ್ತದೆ. ರಾತ್ರಿ ಎದ್ದು ನಡೆಯುವುದಾದರೆ ಮನೆಯೊಳಗೇ, ದೀಪದ ಬೆಳಕಿನಲ್ಲಿ, ಚಪ್ಪಲಿ ಮೆಟ್ಟಿ ನಡೆಯುವುದು ಒಳ್ಳೆಯದು. ಎಡವಿ ಬೀಳುವ ಭಯ ಒಂದೆಡೆಯಾದರೆ, ನಾಗರಹೊಳೆ ಮತ್ತು ಬಂಡೀಪುರ ಕಾಡಂಚಿನ ಊರುಗಳಲ್ಲಿ ಆನೆಯ ಭಯವೂ ಇದೆ.

ಮುಂದಿನ ಸ್ಥಿತಿ

ಔಷಧದಿಂದ ಬಂದ ಚಡಪಡಿಕೆ ಆ ಔಷಧ ಬದಲಾದ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಕಬ್ಬಿಣಾಂಶ ತುಂಬಿ ಪರಿಣಾಮ ಕಾಣಲು ವಾರಗಳಿಂದ ತಿಂಗಳುಗಳು ಬೇಕು. ನರಹಾನಿಯೊಂದಿಗೆ ಬೆರೆತದ್ದು ಕೀಮೋಥೆರಪಿ ಮುಗಿದ ಮೇಲೂ ಉಳಿಯಬಹುದು. ಸಿಸ್‌ಪ್ಲಾಟಿನ್ ಮತ್ತು ಆಕ್ಸಾಲಿಪ್ಲಾಟಿನ್ ಪಡೆದವರಲ್ಲಿ ನರಹಾನಿ ಔಷಧ ನಿಂತ ನಂತರದ ಕೆಲವು ತಿಂಗಳು ಹೆಚ್ಚಾಗಿ, ಬಳಿಕ ನಿಧಾನವಾಗಿ ಇಳಿಮುಖವಾಗುವುದುಂಟು.