ನಿಂಬೆಹಣ್ಣಿನ ಗಾತ್ರದ ಹುಣಸೆಹಣ್ಣು ಅಂದ್ರೆ ಎಷ್ಟು?

ನಮ್ಮ ಹಳೇ ಮೈಸೂರು ಕಡೆ ಅಡುಗೆ ಹೇಳಿಕೊಡುವವರ ಮಾತು ಗಮನಿಸಿದ್ದೀರಾ? ತೊಗರಿಬೇಳೆ ಒಂದು ಪಾವು, ಅಕ್ಕಿ ಅಚ್ಚೇರು ಅಂತ ಲೆಕ್ಕವಾಗಿ ಹೇಳ್ತಾರೆ. ಹುಣಸೆಹಣ್ಣಿಗೆ ಬಂದ ಕೂಡಲೇ "ನಿಂಬೆಹಣ್ಣಿನ ಗಾತ್ರ"! ಕಮ್ಮಿ ಬೇಕಾದ್ರೆ ನೆಲ್ಲಿಕಾಯಿ ಗಾತ್ರ.

ಇದು ಉದಾಸೀನ ಅಲ್ಲ. ಪಾವು, ಸೇರು ಇರುವುದು ಸುರಿದರೆ ಸುರಿಯುವ ಕಾಳಿಗೆ. ಅಂಟುವ ಹಣ್ಣನ್ನು ಪಾವಿಗೆ ಒತ್ತಿದರೆ ಒಂದು ಲೆಕ್ಕ, ಸುಮ್ಮನೆ ಹಾಕಿದರೆ ಇನ್ನೊಂದು. ಹಾಗಾಗಿ ಅಂಗಡಿಯಲ್ಲಿ ತೂಕ, ಅಡುಗೆಮನೆಯಲ್ಲಿ ಉಂಡೆ.

ತೂಕಕ್ಕೂ ಅಳತೆಗೂ ಗಂಟು ಹಾಕುವ ಕಷ್ಟ ಹಳೆಯದು. 'ಸೇರು' ಅನ್ನುವ ಒಂದೇ ಹೆಸರು ಎರಡಕ್ಕೂ ಇತ್ತು. 1800ರಲ್ಲಿ ಮದ್ದೂರಿನ ಮೇಲೆ ಶ್ರೀರಂಗಪಟ್ಟಣಕ್ಕೆ ಹೋದ ಫ್ರಾನ್ಸಿಸ್ ಬುಕಾನನ್, ಊರೂರಿನ ತೂಕ-ಅಳತೆಗಳನ್ನು ಬರೆದಿಟ್ಟುಕೊಂಡ. ದಕ್ಷಿಣದಲ್ಲಿ ಅಳತೆಯ ಪಾತ್ರೆ ನಿಗದಿ ಮಾಡಲು ಒಂದು ಜಾಣ ಉಪಾಯ ಇತ್ತು. ಒಂದೊಂದು ಕಾಳಿನ ತೂಕ ಒಂದೊಂದು ತರಹ ಅಲ್ವೇ? ಅದಕ್ಕೆ ನವಧಾನ್ಯವನ್ನು ಸಮವಾಗಿ ಬೆರೆಸಿ ತೂಗಿ, ಅಷ್ಟು ಹಿಡಿಯುವ ಪಾತ್ರೆಯನ್ನೇ ಅಳತೆ ಅಂತ ಇಟ್ಟುಕೊಳ್ಳುತ್ತಿದ್ದರು. ಸರಾಸರಿ ಅಂದ್ರೆ ಇದೇ!

ಇನ್ನು ಹುಣಸೆಯ ಲೆಕ್ಕ. ಮೈಸೂರು ಸೀಮೆಯ ಕಚ್ಚಾ ಸೇರು 24 ತೊಲ, ಅಂದರೆ ಸುಮಾರು 280 ಗ್ರಾಂ. ಅಂಥ 40 ಸೇರು ಒಂದು ಮಣ, ಸುಮಾರು 11.2 ಕಿಲೋ. ನಿಂಬೆ ಗಾತ್ರದ ಉಂಡೆ 25-30 ಗ್ರಾಂ ತೂಗುತ್ತೆ. ಅಂದ್ರೆ ಕಚ್ಚಾ ಸೇರಿಗೆ ಹತ್ತು ಉಂಡೆ, ಹತ್ತು ದಿನದ ಸಾರು! ಆದರೆ ಮರದಿಂದ ಬಡಿದ ಕಾಯಿಯಲ್ಲಿ ತಿರುಳು ಹೆಚ್ಚುಕಮ್ಮಿ ಶೇ. 55 ಮಾತ್ರ. ಮಿಕ್ಕಿದ್ದು ಬೀಜ, ಓಡು, ನಾರು. ಮಣ ಕಾಯಿ ಕುಟ್ಟಿ ಬಿಡಿಸಿದರೆ ಕೈಗೆ ಬರುವುದು ಆರು ಕಿಲೋ ಹಣ್ಣು. 1956ರ ಕಾನೂನಿನ ಪ್ರಕಾರ 1958ರ ಅಕ್ಟೋಬರಿನಿಂದ ಹಂತಹಂತವಾಗಿ ಕಿಲೋ ಬಂತು, ಮಣ ಹೋಯಿತು. ನಿಂಬೆಹಣ್ಣು ಮಾತ್ರ ಅಲ್ಲಾಡಲಿಲ್ಲ.

ಈ ಯಾವ ಲೆಕ್ಕಕ್ಕೂ ಸಿಗದ ಹುಣಸೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿದೆ. ಶಿಂಷಾ ನದಿಯ ಹತ್ತಿರದ ಈ ಊರಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಿನ ಹುಣಸೆಮರದಲ್ಲೇ ಗೂಡು ಕಟ್ಟುತ್ತವೆ. ಕಾಯಿ ಹಣ್ಣಾಗುವುದು ಫೆಬ್ರವರಿಯಿಂದ ಏಪ್ರಿಲ್. ಮರಿ ಬೆಳೆಯುವುದೂ ಆಗಲೇ. ಕೊಂಬೆ ಬಡಿದರೆ ಮರಿ ಉದುರುತ್ತೆ. ಅದಕ್ಕೆ ಜನ ಹಣ್ಣನ್ನೇ ಬಿಟ್ಟರು. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು 1976ರಲ್ಲಿ ಈ ಊರನ್ನು ಹೊರಜಗತ್ತಿನ ಗಮನಕ್ಕೆ ತಂದರು. ಗೂಡಿರುವ ಮರದ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿ ಬಂತು. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು.

ಪರಿಹಾರ ಅಂದರೂ ಒಂದು ಲೆಕ್ಕಾಚಾರವೇ. ಕೀಳದ ಹಣ್ಣನ್ನು ತೂಗುವುದು ಹೇಗೆ? ಮರಕ್ಕೆ ಇಷ್ಟು ಅಂತ ದುಡ್ಡು ಕಟ್ಟಬಹುದು. ಆದರೆ ಒಂದು ಮರದಲ್ಲಿ ಮಣ ಬಿಟ್ಟಿದ್ದರೆ ಇನ್ನೊಂದರಲ್ಲಿ ಐದು ಮಣ ಇರಬಹುದು. ಮಾರಿದ್ದರೆ ಬರುತ್ತಿದ್ದ ದುಡ್ಡು ಕಮ್ಮಿ ಅನ್ನಿಸಿದ ದಿನ ಮರಕ್ಕೆ ಕೊಡಲಿ ಬೀಳುವ ಭಯ ಇದ್ದೇ ಇದೆ. ಹಕ್ಕಿಗಳು ಉಳಿಯಬೇಕಾದರೆ ಈ ಲೆಕ್ಕ ಸರಿಯಾಗಿರಲೇಬೇಕು.

ಅಂದ ಹಾಗೆ, ನಿಮ್ಮ ಕಡೆ ಹುಣಸೆಹಣ್ಣಿಗೆ ಯಾವ ಗಾತ್ರ ಹೇಳ್ತಾರೆ? ನಿಂಬೆಯೋ, ನೆಲ್ಲಿಯೋ, ಗೋಲಿಯೋ? ಗೊತ್ತಿದ್ದವರು ಹೇಳಿ.